ವಿರಾಮದ ದಿನ ಬೈಕಿನ ಕೀಲಿ ಟೆಂಟಿನಲ್ಲೇ ಇರಲಿ

ಬೈಕಿನ ಮೇಲೆ ಟೆಂಟು ಹೇರಿಕೊಂಡು ದಿನಗಟ್ಟಲೆ ಸುತ್ತುವವರಿಗೆ ನಡುವೆ ಒಂದು ದಿನದ ವಿರಾಮ ಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಆ ದಿನ ಬೆಳಗಾಯಿತೋ ಇಲ್ಲವೋ, ಗುಂಪಿನಲ್ಲಿ ಯಾರಾದರೂ ಮೊಬೈಲಿನಲ್ಲಿ ನಕ್ಷೆ ತೆರೆದು, ‘ಲಗೇಜು ಇಲ್ಲೇ ಇರಲಿ, ಖಾಲಿ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬರೋಣ’ ಎನ್ನುತ್ತಾರೆ. ಆ ಒಂದು ಸುತ್ತಿನಲ್ಲೇ ದಿನ ಮುಗಿಯುತ್ತದೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಆ ದಿನವಿರುವುದು ನಡೆಯುವುದಕ್ಕೆ.

ಸವಾರಿಯಲ್ಲಿ ಮೈ ಎಷ್ಟು ಬಿಗಿದುಕೊಂಡಿತ್ತು ಎಂಬುದು ಗೊತ್ತಾಗುವುದೇ ಇಳಿದ ಮೇಲೆ. ಕಂಪನಕ್ಕೆ ಬೆರಳುಗಳು ಜೋಮು ಹಿಡಿದಿರುತ್ತವೆ. ಸೊಂಟ, ಮಂಡಿ ಗಂಟೆಗಟ್ಟಲೆ ಮಡಚಿದಂತೆಯೇ ಇರುತ್ತವೆ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಮೊರೆತ 90 ಡೆಸಿಬಲ್ ದಾಟುತ್ತದೆ. ರಾತ್ರಿ ಮಲಗಿದಾಗಲೂ ಕಿವಿ ಗುಂಯ್‌ಗುಡುತ್ತದೆ. ಹಾಗೆಂದು ದಿನವಿಡೀ ಟೆಂಟಿನಲ್ಲಿ ಬಿದ್ದುಕೊಂಡರೂ ಪ್ರಯೋಜನವಿಲ್ಲ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು. ಅದು ಕೆಲಸ ಮಾಡಬೇಕಾದರೆ ಹೆಜ್ಜೆ ಹಾಕಬೇಕು.

ನನಗೆ ಇದಕ್ಕಿಂತ ದೊಡ್ಡ ಕಾರಣ ಕಣ್ಣಿನದು. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಹೊಂಡ, ಜಲ್ಲಿ, ತಿರುವು, ಎದುರಿನ ಲಾರಿ: ಸವಾರನ ಕಣ್ಣು ದೂರದಲ್ಲಿ ಇವನ್ನೇ ಹುಡುಕುತ್ತಿರುತ್ತದೆ. ಹುಡುಕಲೇಬೇಕು, ಜೀವದ ಪ್ರಶ್ನೆ. ಹೀಗಾಗಿ ಎಷ್ಟೋ ಊರು, ಕಾಡುಗಳನ್ನು ಹಾದು ಬಂದರೂ ನಾವು ನೋಡಿದ್ದು ರಸ್ತೆಯನ್ನು ಮಾತ್ರ. ಬೈಕು ಐದು ನಿಮಿಷದಲ್ಲಿ ದಾಟುವ ದೂರಕ್ಕೆ ಕಾಲಿಗೆ ಒಂದು ಗಂಟೆಗೂ ಹೆಚ್ಚು ಬೇಕು. ಆ ಗಂಟೆಯಲ್ಲಿ ಒಣಮಣ್ಣಿನಲ್ಲಿ ಆಲಿಕೆಯಂತಹ ಪುಟ್ಟ ಗುಂಡಿ ಕಾಣುತ್ತದೆ. ಬಗ್ಗಿ ನೋಡಿದರೆ ಜಾರಿಬಿದ್ದ ಇರುವೆ ಮೇಲೆ ಹತ್ತಲು ಒದ್ದಾಡುತ್ತಿದೆ. ತಳದಲ್ಲಿ ಹುದುಗಿರುವ ಹುಳು ತಲೆಯಿಂದಲೇ ಮಣ್ಣು ಚಿಮ್ಮಿ ಅದನ್ನು ಮತ್ತೆ ಬೀಳಿಸುತ್ತಿದೆ. ಯಾವ ಬೈಕಿನ ಮೇಲಿಂದ ಇದು ಕಂಡೀತು?

ನಡಿಗೆಗೆ ದೊಡ್ಡ ಏರ್ಪಾಡೇನೂ ಬೇಡ. ಗಾಡಿಯ ಕೆಲಸವನ್ನು ಹಿಂದಿನ ಸಂಜೆಯೇ ಮುಗಿಸಿಬಿಡಿ. ಓಡಿ ಬಂದ ಚೈನು ಬೆಚ್ಚಗಿರುವಾಗಲೇ ಎಣ್ಣೆ ಹಾಕಿದರೆ ಅದು ಒಳಗೆ ಚೆನ್ನಾಗಿ ಇಳಿಯುತ್ತದೆ. ನೆಲ ಮೆತ್ತಗಿದ್ದರೆ ಸೈಡ್ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲೊಂದನ್ನು ಕೊಡಿ. ಇಲ್ಲದಿದ್ದರೆ ಅದು ಹೂತು ಗಾಡಿ ಮಗುಚೀತೆಂಬ ಚಿಂತೆ ದಾರಿಯುದ್ದಕ್ಕೂ ಬೆನ್ನು ಬಿಡುವುದಿಲ್ಲ. ನೀರು ತೆಗೆದುಕೊಳ್ಳಿ, ಹೋಗುವ ದಿಕ್ಕನ್ನು ಯಾರಿಗಾದರೂ ಹೇಳಿ.

ಒಂದೇ ಒಂದು ಹಟ ನನ್ನದು: ಬೇರೆ ಶೂ. ಸವಾರಿಯ ಬೂಟು ಹಿಮ್ಮಡಿ, ಕಣಕಾಲುಗಳನ್ನು ಕಾಪಾಡಲೆಂದೇ ಗಡುಸಾಗಿರುತ್ತದೆ. ಅದರಲ್ಲಿ ಪಾದ ಬಾಗುವುದಿಲ್ಲ, ಅರ್ಧ ದಾರಿಗೆ ಬೊಬ್ಬೆ ಏಳುತ್ತದೆ. ಲಗೇಜಿನಲ್ಲಿ ಜಾಗವಿಲ್ಲ ಎನ್ನುವವರು ಮಡಚುವ ಕುರ್ಚಿಯನ್ನು ಮನೆಯಲ್ಲಿ ಬಿಟ್ಟು ಬರಲಿ. ಕೂರುವುದು ಸೀಟಿನ ಮೇಲೆ ಹೇಗೂ ಬೇಕಾದಷ್ಟಾಗಿರುತ್ತದೆ.