ಲಂಡನ್‌ನಲ್ಲಿ ಬೇಡ, ಆ ಎರಡು ರಾತ್ರಿ ಬೇರೆ ಕಡೆ ಇರಲಿ

ಮೈಸೂರಿನಿಂದ ನನ್ನ ಕಾಲೇಜು ಗೆಳತಿ ಮೊನ್ನೆ ಮೆಸೇಜ್ ಮಾಡಿದ್ದಳು. ಜೂನ್‌ನಲ್ಲಿ ಗಂಡ ಹೆಂಡತಿ ಇಬ್ಬರೇ ಇಂಗ್ಲೆಂಡ್‌ಗೆ ಬರ್ತಾರಂತೆ. ಮದುವೆಯಾಗಿ 25 ವರ್ಷ. "ಲಂಡನ್‌ನಲ್ಲಿ ಒಂದು ಭಾರೀ ಹೋಟೆಲ್ ಹೇಳೇ, ಎರಡು ರಾತ್ರಿ ರಾಜರ ಥರ ಇರಬೇಕು, ಅದಕ್ಕಂತಲೇ ದುಡ್ಡು ಎತ್ತಿಟ್ಟಿದ್ದೀವಿ" ಅಂದಳು. ನಾನು ಲಂಡನ್ ಹತ್ತಿರದ ರೆಡಿಂಗ್ ಊರಿಗೆ ಬಂದು 14 ವರ್ಷ ಆಯಿತು. ಈ ಪ್ರಶ್ನೆಯನ್ನು ವರ್ಷಕ್ಕೆ ನಾಲ್ಕೈದು ಜನ ಕೇಳುತ್ತಾರೆ. ಅವಳಿಗೆ ಬರೆಯಲು ಕೂತರೆ ಉತ್ತರ ತುಂಬಾ ಉದ್ದವಾಯಿತು, ಅದಕ್ಕೆ ಇಲ್ಲೇ ಹಾಕುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಆ ದುಡ್ಡನ್ನು ಲಂಡನ್‌ನಲ್ಲಿ ಖರ್ಚು ಮಾಡಬೇಡಿ.

ಲಂಡನ್‌ನ ದೊಡ್ಡ ಹೋಟೆಲ್‌ಗಳು ಚೆನ್ನಾಗಿಲ್ಲ ಅಂತಲ್ಲ. ಸೆವಾಯ್ 1889ರಲ್ಲಿ ಬಾಗಿಲು ತೆರೆದಾಗಲೇ ಅಲ್ಲಿ ಕರೆಂಟ್ ದೀಪ, ಲಿಫ್ಟ್ ಎಲ್ಲ ಇದ್ದವು. ರಿಟ್ಜ್ 1906ರಿಂದ ನಡೆಯುತ್ತಿದೆ. ಆದರೆ ಮೊದಲ ಸಲ ಲಂಡನ್‌ಗೆ ಬಂದವರು ಏನು ಮಾಡುತ್ತಾರೆ ಹೇಳಿ? ಬೆಳಿಗ್ಗೆ ಎಂಟಕ್ಕೆ ಹೊರಟು ಟವರ್ ಬ್ರಿಡ್ಜ್, ಬ್ರಿಟಿಷ್ ಮ್ಯೂಸಿಯಂ, ಥೇಮ್ಸ್ ದಂಡೆಯಲ್ಲಿರುವ ನಮ್ಮ ಬಸವಣ್ಣನ ಪ್ರತಿಮೆ, ಸಂಜೆ ಯಾವುದೋ ನಾಟಕ, ಎಲ್ಲ ಮುಗಿಸಿ ರಾತ್ರಿ ಹತ್ತಕ್ಕೆ ಕಾಲು ನೋಯಿಸಿಕೊಂಡು ರೂಮಿಗೆ ಬಂದು ಬೀಳುತ್ತಾರೆ. ಮರುದಿನವೂ ಅದೇ. 500 ಪೌಂಡ್ ಕೊಟ್ಟ ಹೋಟೆಲ್‌ನಲ್ಲಿ ಮಲಗಿದ್ದು ಬಿಟ್ಟರೆ ಬೇರೆ ಏನೂ ಮಾಡಿರುವುದಿಲ್ಲ. ಹಾಗಾಗಿ ಲಂಡನ್‌ನಲ್ಲಿ ಟ್ಯೂಬ್ (ಅಲ್ಲಿನ ಮೆಟ್ರೋ ರೈಲು) ಸ್ಟೇಷನ್ ಹತ್ತಿರ ಒಂದು ಶುದ್ಧವಾದ, ಸಾಧಾರಣ ಹೋಟೆಲ್ ಹಿಡಿಯಿರಿ. ರಿಟ್ಜ್ ಒಳಗೆ ಹೋಗಲೇಬೇಕು ಅಂತ ಆಸೆ ಇದ್ದರೆ ಒಂದು ಮಧ್ಯಾಹ್ನ ಅಲ್ಲಿ ಟೀಗೆ ಹೋಗಿ ಬನ್ನಿ. ಮುಂಚೆಯೇ ಬುಕ್ ಮಾಡಬೇಕು, ಗಂಡಸರಿಗೆ ಕೋಟು ಮತ್ತು ಟೈ ಕಡ್ಡಾಯ.

ಆ ಎರಡು ರಾತ್ರಿಯ ದುಡ್ಡು ಮಾತ್ರ ಲಂಡನ್ ಬಿಟ್ಟು ಹೊರಗೆ ಹೋಗಲಿ. ಹೊರಗೆ ಸುತ್ತಬೇಕು ಅಂತಲೇ ಅನ್ನಿಸದ ಒಂದು ಮನೆಗೆ.

ಇದು ನನಗೆ ತಿಳಿದದ್ದು ಒಂದು ತಪ್ಪಿನಿಂದ. 2019ರಲ್ಲಿ ಅಪ್ಪ ಅಮ್ಮ ಬೀರೂರಿನಿಂದ ಬಂದಿದ್ದರು. ಅವರ ಮದುವೆಯ 40ನೇ ವರ್ಷ. ಕಾಟ್ಸ್‌ವೋಲ್ಡ್ಸ್ ಅನ್ನುವ ಗುಡ್ಡ, ಹಳ್ಳಿಗಳ ಸೀಮೆಯಲ್ಲಿ ಜೇನುಬಣ್ಣದ ಕಲ್ಲಿನ ಹಳೇ ಬಂಗಲೆ, ಐದು ಸ್ಟಾರ್, ಫೋಟೋ ನೋಡಿದರೆ ಕಣ್ಣು ಕೀಳಲು ಆಗುತ್ತಿರಲಿಲ್ಲ. ರಾತ್ರಿಗೆ 480 ಪೌಂಡ್. ಹೋದ ಮೇಲೆ ಗೊತ್ತಾಯಿತು, ಅವರಿಗೆ ಕೊಟ್ಟ ರೂಮು ಆ ಬಂಗಲೆಯಲ್ಲಿ ಇರಲೇ ಇಲ್ಲ. ಅಂಗಳದ ಆಚೆ ಹಿಂದೆ ಕುದುರೆ ಲಾಯವಾಗಿದ್ದ ಕಟ್ಟಡದಲ್ಲಿ, ಮೇಲಿನ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಹೊರಗೆ ಮಳೆ, ಅಂಗಳದ ತುಂಬಾ ಜಲ್ಲಿಕಲ್ಲು, ಅಮ್ಮನಿಗೆ ಮೊದಲೇ ಮಂಡಿ ನೋವು. ಊಟಕ್ಕೆ, ತಿಂಡಿಗೆ, ಪ್ರತಿಸಲ ಆ ಜಲ್ಲಿಯ ಮೇಲೆ ನನ್ನ ಕೈ ಹಿಡಿದು ನಡೆಯಬೇಕಿತ್ತು. ಬಚ್ಚಲಲ್ಲಿ ಶವರ್ ಇದ್ದದ್ದು ಎತ್ತರದ ಟಬ್ಬಿನ ಒಳಗೆ. ಆ ಅಂಚನ್ನು ದಾಟಿ ಒಳಗೆ ಇಳಿಯುವುದಕ್ಕೆ ಅಮ್ಮನಿಂದ ಆಗಲಿಲ್ಲ. ಎರಡು ದಿನ ವಾಶ್ ಬೇಸಿನ್ ಮುಂದೆ ನಿಂತು ಮೈ ಒರೆಸಿಕೊಂಡರು. ರಾತ್ರಿ ಊಟಕ್ಕೆ ಎರಡು ದಿನವೂ ಅದೇ ಅಣಬೆ ರಿಸೊಟ್ಟೊ, ಅಂದರೆ ಇಟಲಿ ಕಡೆಯ ಮೆತ್ತಗಿನ ಅನ್ನ. ಅಮ್ಮ ಒಂದು ಮಾತೂ ಆಡಲಿಲ್ಲ. "ಚೆನ್ನಾಗಿದೆ ಬಿಡು ಪುಟ್ಟಾ, ಎಷ್ಟು ಹಸಿರು ನೋಡು" ಅಂದರು. ಅದನ್ನು ಕೇಳಿ ನನಗೆ ಇನ್ನೂ ಜಾಸ್ತಿ ಸಂಕಟ ಆಯಿತು.

ಆಮೇಲೆ ಕೂತು ಯೋಚಿಸಿದೆ. ನಾನು ನೋಡಿದ್ದು ಸ್ಟಾರ್ ಮತ್ತು ಫೋಟೋ. ಸ್ಟಾರ್ ಹೇಳುವುದು ಹೋಟೆಲ್‌ನಲ್ಲಿ ಏನೇನು ಸೌಲಭ್ಯ ಇದೆ, ಸೇವೆಯ ಮಟ್ಟ ಎಷ್ಟು ಅಂತ. ನಿಮಗೆ ಸಿಗುವ ರೂಮು ಎಲ್ಲಿದೆ, ಅದು ನಿಮ್ಮ ಅಮ್ಮನಿಗೆ ಆಗುತ್ತಾ ಅಂತ ಯಾವ ಸ್ಟಾರೂ ಹೇಳುವುದಿಲ್ಲ.

ಬ್ರಿಟನ್‌ನ ಒಳ್ಳೊಳ್ಳೆ ಹೋಟೆಲ್‌ಗಳಲ್ಲಿ ಎಷ್ಟೋ ಹೋಟೆಲ್ ಅಂತ ಕಟ್ಟಿದವೇ ಅಲ್ಲ. ಯಾರೋ ಶ್ರೀಮಂತರ ಮನೆಗಳು, ಕೋಟೆಗಳು, ಹಳೇ ಛತ್ರದಂಥ ಇನ್‌ಗಳು. ಅವುಗಳಲ್ಲಿ ಬಹಳಷ್ಟು ಲಿಸ್ಟೆಡ್ ಕಟ್ಟಡಗಳು, ಕಾನೂನಿನ ರಕ್ಷಣೆ ಇರುವ ಹಳೇ ಕಟ್ಟಡಗಳು. ಅಂದರೆ ಮಾಲೀಕರು ಮನಸ್ಸಿಗೆ ಬಂದ ಹಾಗೆ ಕಿಟಕಿ ಬದಲಾಯಿಸುವ ಹಾಗಿಲ್ಲ, ಗೋಡೆ ಒಡೆದು ಲಿಫ್ಟ್ ಹಾಕುವ ಹಾಗಿಲ್ಲ, ಎಲ್ಲದಕ್ಕೂ ಅನುಮತಿ ಬೇಕು. ಹಾಗಾಗಿ ದುಬಾರಿ ಹೋಟೆಲ್‌ನಲ್ಲೂ ಲಿಫ್ಟ್ ಇಲ್ಲದಿರಬಹುದು, ನೆಲ ಕಿರ್ ಅನ್ನಬಹುದು, ಎಸಿ ಇಲ್ಲದಿರಬಹುದು. ಇಂಗ್ಲೆಂಡ್‌ನಲ್ಲಿ ಎಸಿ ಯಾಕೆ ಅಂತೀರಾ? 2022ರ ಜುಲೈನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟಿತ್ತು. ಜುಲೈ, ಆಗಸ್ಟ್‌ನಲ್ಲಿ ಬರುವವರು ಇದನ್ನೂ ಕೇಳಿಕೊಳ್ಳಿ.

ಈಗ ನಾನು ಬುಕ್ ಮಾಡುವ ಮೊದಲು ಹೋಟೆಲ್‌ಗೇ ಫೋನ್ ಮಾಡುತ್ತೇನೆ. ರೂಮು ಮುಖ್ಯ ಮನೆಯಲ್ಲೇ ಇದೆಯಾ, ಪಕ್ಕದ ಕಟ್ಟಡದಲ್ಲಾ? ಎಷ್ಟನೇ ಮಹಡಿ, ಲಿಫ್ಟ್ ಆ ಮಹಡಿಗೆ ಬರುತ್ತದಾ? ಶವರ್ ಟಬ್ಬಿನ ಒಳಗಿದೆಯಾ, ಇಲ್ಲ ನೆಲಮಟ್ಟದಲ್ಲಿ ನೇರವಾಗಿ ನಡೆದು ಹೋಗುವ ಹಾಗಿದೆಯಾ? ಕಿಟಕಿಯಿಂದ ತೋಟ ಕಾಣುತ್ತದಾ, ಕಾರ್ ಪಾರ್ಕಾ? ಅವರು ಹೇಳಿದ್ದನ್ನು ಈಮೇಲ್‌ನಲ್ಲಿ ಬರೆದು ಕಳಿಸಿ ಅನ್ನುತ್ತೇನೆ. ಒಳ್ಳೆಯ ಹೋಟೆಲ್‌ನವರಿಗೆ ಇದರಿಂದ ಬೇಜಾರಾಗುವುದಿಲ್ಲ. ರೂಮಿನ ಹೆಸರು ಹಿಡಿದು ಖುಷಿಯಿಂದ ವಿವರಿಸುತ್ತಾರೆ. ಫೋನ್‌ನಲ್ಲೇ ಅಸಡ್ಡೆ ತೋರಿಸಿದರೆ ನಾನು ಅಲ್ಲಿಗೆ ಹೋಗುವುದೇ ಇಲ್ಲ.

ರೂಮು ಯಾವ ಕಟ್ಟಡದಲ್ಲಿದೆ ಅನ್ನುವುದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಲಂಡನ್‌ನ ಸೇಂಟ್ ಪ್ಯಾಂಕ್ರಾಸ್ ಹೋಟೆಲ್ ನೋಡಿ. ಸ್ಟೇಷನ್‌ನ ಮುಂಭಾಗದಲ್ಲೇ ಅರಮನೆಯ ಥರ ನಿಂತಿರುವ ಆ ಕೆಂಪು ಇಟ್ಟಿಗೆಯ ಕಟ್ಟಡ 1873ರಲ್ಲಿ ಮಿಡ್‌ಲ್ಯಾಂಡ್ ಗ್ರ್ಯಾಂಡ್ ಅನ್ನುವ ಹೆಸರಲ್ಲಿ ಶುರುವಾಯಿತು. ರೂಮಿಗೊಂದು ಬಚ್ಚಲು ಇರಲಿಲ್ಲ, ಜನ ಕಡಿಮೆಯಾದರು, 1935ರಲ್ಲಿ ಮುಚ್ಚಿತು. ಮತ್ತೆ ಹೋಟೆಲ್ ಆಗಿದ್ದು 2011ರಲ್ಲಿ. ಎಲ್ಲರೂ ಆ ಹಳೇ ಕಟ್ಟಡ, ಆ ಮೆಟ್ಟಿಲು ನೋಡಿ ಬುಕ್ ಮಾಡುತ್ತಾರೆ. ಆದರೆ ಹೆಚ್ಚಿನ ರೂಮುಗಳು ಇರುವುದು ಹಿಂದೆ ಹೊಸದಾಗಿ ಕಟ್ಟಿದ ಭಾಗದಲ್ಲಿ. ಕೇಳದಿದ್ದರೆ ಅಲ್ಲೇ ಸಿಗುತ್ತದೆ.

ಇನ್ನು ಊಟ. ಇಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಸೇರಿಯೇ. ವೀಗನ್ ಅಂದರೆ ಹಾಲು, ಮೊಸರು, ಬೆಣ್ಣೆ ಯಾವುದೂ ಇಲ್ಲ. ನಮ್ಮ ಮನೆಗಳ ಅಮ್ಮಂದಿರು ಈ ಎರಡಕ್ಕೂ ಸೇರುವುದಿಲ್ಲ, ಅಲ್ವಾ? ಅದಕ್ಕೆ ಆ ಪದಗಳನ್ನು ಬಿಟ್ಟು ಬಿಡಿಸಿ ಹೇಳಿ. ಮೊಟ್ಟೆ ಬೇಡ, ಮೀನು ಬೇಡ, ಮಾಂಸದ ಸ್ಟಾಕ್ (ಮಾಂಸ ಬೇಯಿಸಿದ ನೀರು) ಬೇಡ, ಹಾಲು ಮೊಸರು ಬೆಣ್ಣೆ ನಡೆಯುತ್ತದೆ ಅಂತ. ವೂಸ್ಟರ್ ಸಾಸ್‌ನಲ್ಲಿ ಮೀನು ಇರುತ್ತದೆ, ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಇದನ್ನೂ ನಾವೇ ನೆನಪಿಸಬೇಕು. ಎರಡು ದಿನ ಮುಂಚೆ ಹೇಳಿದರೆ ಒಳ್ಳೆಯ ಅಡುಗೆಯವರು ಬೇರೆಯೇ ಮಾಡಿಕೊಡುತ್ತಾರೆ. ಹಳ್ಳಿ ಕಡೆಯ ಹೋಟೆಲ್‌ಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಸುತ್ತಮುತ್ತ ಏನೂ ಸಿಗುವುದಿಲ್ಲ, ಹಾಗಾಗಿ ಊಟದ ಮಾತು ಮುಂಚೆಯೇ ಆಗಬೇಕು. ರೂಮಿನಲ್ಲಿ ಕೆಟಲ್ ಇದೆಯಾ ಅಂತಲೂ ಕೇಳಿ. ಬಿಸಿನೀರು ಇದ್ದರೆ ಅಮ್ಮನಿಗೆ ಅರ್ಧ ನೆಮ್ಮದಿ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿ ತೋರಿಸುವ ರೇಟ್‌ನಲ್ಲಿ 20% ವ್ಯಾಟ್ ಸೇರಿರುತ್ತದೆ. ತಿಂಡಿ ಸೇರಿದೆಯಾ ನೋಡಿಕೊಳ್ಳಿ. ರಾತ್ರಿ ಊಟದ ಬಿಲ್‌ಗೆ 12.5% ಸರ್ವಿಸ್ ಚಾರ್ಜ್ ಹಾಕುವುದು ಮಾಮೂಲು. ಹಳ್ಳಿ ಕಡೆ ಶುಕ್ರವಾರ, ಶನಿವಾರ ರೇಟ್ ಜಾಸ್ತಿ, ಭಾನುವಾರ ರಾತ್ರಿ ಇಳಿಯುತ್ತದೆ. ರಜೆ ಹಾಕಿಕೊಂಡು ಬಂದವರಿಗೆ ಯಾವ ವಾರವಾದರೇನು, ಭಾನುವಾರ ಮತ್ತು ಸೋಮವಾರ ಹಿಡಿಯಿರಿ. ವೀಸಾ ಕೈಗೆ ಬರುವ ತನಕ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬಾರದ ಅಗ್ಗದ ರೇಟ್ ಮುಟ್ಟಲೇಬೇಡಿ.

ಹಾಗಾದರೆ ಎಲ್ಲಿಗೆ ಹೋಗಬೇಕು? ನನ್ನ ಗೆಳತಿಗೆ ನಾನು ಹೇಳಿದ್ದು ಕ್ಲಿವ್‌ಡನ್. ನಮ್ಮ ಮನೆಯಿಂದ ಹತ್ತಿರ, ಹೀಥ್ರೋದಿಂದಲೂ ದೂರವಿಲ್ಲ. ಥೇಮ್ಸ್ ನದಿಯ ಮೇಲಿನ ಗುಡ್ಡದ ಮೇಲೆ ಇರುವ ದೊಡ್ಡ ಮನೆ ಅದು, ಈಗ ಹೋಟೆಲ್. ಮೊದಲಿದ್ದ ಎರಡು ಮನೆಗಳು 1795ರಲ್ಲಿ, 1849ರಲ್ಲಿ ಸುಟ್ಟು ಹೋದವು. ಈಗಿರುವುದನ್ನು ಕಟ್ಟಿದ್ದು ಪಾರ್ಲಿಮೆಂಟ್ ಭವನದ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ. 1919ರಲ್ಲಿ ಪಾರ್ಲಿಮೆಂಟ್‌ನಲ್ಲಿ ಕೂತ ಮೊದಲ ಮಹಿಳೆ ನ್ಯಾನ್ಸಿ ಆಸ್ಟರ್ ಈ ಮನೆಯ ಒಡತಿಯಾಗಿದ್ದರು. ಒಳಗೆ ಹಜಾರದಲ್ಲಿ ಅವರ ಆಳೆತ್ತರದ ಚಿತ್ರ ಇದೆ. 1942ರಿಂದ ಜಾಗ ಹಳೇ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯದು, ಹಾಗಾಗಿ ಟಿಕೆಟ್ ತಗೊಂಡು ಯಾರು ಬೇಕಾದರೂ ತೋಟ ನೋಡಬಹುದು. ನಾವು ಎಷ್ಟೋ ಸಲ ಬುತ್ತಿ ಕಟ್ಟಿಕೊಂಡು ಹೋಗಿದ್ದೇವೆ.

ಹಾಗಿದ್ದ ಮೇಲೆ ಅಲ್ಲಿ ಉಳಿಯುವುದಕ್ಕೆ ಯಾಕೆ ಅಷ್ಟು ದುಡ್ಡು? ಸಂಜೆ ಟಿಕೆಟ್‌ನವರೆಲ್ಲ ಹೋದ ಮೇಲೆ ತೋಟ ಖಾಲಿಯಾಗುತ್ತದೆ. ಜೂನ್‌ನಲ್ಲಿ ಒಂಬತ್ತೂವರೆ ಆದರೂ ಬೆಳಕು. ಆ ಮೂರು ನಾಲ್ಕು ಗಂಟೆ ಇಡೀ ತೋಟದಲ್ಲಿ ಉಳಿದುಕೊಂಡವರು ಮಾತ್ರ. ಕೆಳಗೆ ನದಿ, ಮೇಲೆ ಮನೆ, ಒಂದು ಸದ್ದಿಲ್ಲ. ದುಡ್ಡು ಕೊಡುವುದು ಆ ಹೊತ್ತಿಗೆ. ಅದನ್ನು ಬಿಟ್ಟು ಅಲ್ಲಿಂದ ವಿಂಡ್ಸರ್‌ಗೆ, ಆಕ್ಸ್‌ಫರ್ಡ್‌ಗೆ ಸುತ್ತಲು ಹೊರಟರೆ ಸುಮ್ನೆ ದಂಡ.

ಚಳಿಗಾಲದಲ್ಲಿ ಬರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆ ಸೂರ್ಯ ಮುಳುಗುತ್ತಾನೆ, ತೋಟ ಇಟ್ಟುಕೊಂಡು ಏನು ಮಾಡುವುದು? ಆಗ ಊರೊಳಗಿನ ಹೋಟೆಲ್ ವಾಸಿ. ಬಾತ್ ಊರಿನ ರಾಯಲ್ ಕ್ರೆಸೆಂಟ್, ಅರ್ಧಚಂದ್ರದ ಹಾಗೆ ಸಾಲಾಗಿ ನಿಂತ 30 ಮನೆಗಳು, 1774ಕ್ಕೆ ಕಟ್ಟಿ ಮುಗಿಸಿದ್ದು, ಅದರ ನಡುಮಧ್ಯೆ ಹೋಟೆಲ್ ಇದೆ. ಅಥವಾ ಸ್ಕಾಟ್ಲೆಂಡ್‌ನ ರಾಜಧಾನಿ ಎಡಿನ್‌ಬರೋ. ಆದರೆ ಆಗಸ್ಟ್‌ನಲ್ಲಿ ಮಾತ್ರ ಅಲ್ಲಿಗೆ ಬೇಡ, ನಾಟಕ, ಸಂಗೀತದ ದೊಡ್ಡ ಹಬ್ಬದ ತಿಂಗಳು, ರೇಟ್ ಆಕಾಶಕ್ಕೆ ಹೋಗಿರುತ್ತದೆ.

ಎಡಿನ್‌ಬರೋ ಅಂದಾಗ ಒಂದು ವಿಷಯ ಹೇಳಲೇಬೇಕು. 2023ರಲ್ಲಿ ಅಪ್ಪ ಅಮ್ಮ ಮತ್ತೆ ಬಂದರು. ಈ ಸಲ ನಾನು ಸ್ಟಾರ್ ನೋಡಲಿಲ್ಲ, ಅವರಿಬ್ಬರನ್ನು ನೋಡಿದೆ. ಅಮ್ಮನಿಗೆ ಲಿಫ್ಟ್ ಬೇಕು, ನಡೆದು ಹೋಗುವ ಶವರ್ ಬೇಕು, ಕಿಟಕಿ ಪಕ್ಕ ಕೂತು ಜನ ಓಡಾಡುವುದು ನೋಡಬೇಕು. ಅಪ್ಪ 34 ವರ್ಷ ರೈಲ್ವೆಯಲ್ಲಿದ್ದವರು, ಬೀರೂರಿನಲ್ಲೇ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ಅವರಿಗೆ ರೈಲು ಬೇಕು. ಹಾಗಾಗಿ ಎಡಿನ್‌ಬರೋದ ಬಾಲ್ಮೋರಲ್ ಹೋಟೆಲ್. ಊರಿನ ಮುಖ್ಯ ರೈಲು ನಿಲ್ದಾಣ ವೇವರ್ಲಿ ಸ್ಟೇಷನ್‌ಗೆ ಅಂಟಿಕೊಂಡೇ ಇದೆ. ನಾರ್ತ್ ಬ್ರಿಟಿಷ್ ರೈಲ್ವೆ ಕಂಪನಿಯವರು 1902ರಲ್ಲಿ ತಮ್ಮ ಪ್ರಯಾಣಿಕರಿಗಾಗಿ ಶುರು ಮಾಡಿದ್ದು. ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ನಾಲ್ಕೂವರೆ ಗಂಟೆ ರೈಲಿನಲ್ಲಿ ಹೋದೆವು. ಅಪ್ಪ ಕಿಟಕಿ ಬಿಟ್ಟು ಏಳಲಿಲ್ಲ. ರೂಮಿನ ಬಗ್ಗೆ ಎರಡು ಸಲ ಫೋನ್ ಮಾಡಿದ್ದೆ, ಹೇಳಿದ ರೂಮೇ ಕೊಟ್ಟರು. ಅಮ್ಮ ಮೊದಲ ದಿನವೇ ಬಿಸಿನೀರಿನಲ್ಲಿ ಅರ್ಧ ಗಂಟೆ ಸ್ನಾನ ಮಾಡಿ ಬಂದು ಕಿಟಕಿ ಹತ್ತಿರ ಕೂತರು.

ಆ ಹೋಟೆಲ್ ಗೋಪುರದ ಗಡಿಯಾರ ಯಾವಾಗಲೂ 3 ನಿಮಿಷ ಮುಂದಿರುತ್ತದೆ. ಜನಕ್ಕೆ ರೈಲು ತಪ್ಪಬಾರದು ಅಂತ ಹಾಗೆ ಇಟ್ಟಿದ್ದಾರೆ. ವರ್ಷಕ್ಕೆ ಒಂದೇ ದಿನ, ಡಿಸೆಂಬರ್ 31ರಂದು, ಸರಿಯಾದ ಸಮಯ ತೋರಿಸುತ್ತದೆ. ನಾನು ಇದನ್ನು ಅಪ್ಪನಿಗೆ ಹೇಳಿರಲಿಲ್ಲ. ಸಂಜೆ ಹೊರಗೆ ನಿಂತಿದ್ದಾಗ ಅವರು ತಲೆ ಎತ್ತಿ ಗಡಿಯಾರ ನೋಡಿದರು, ಕೈಯಲ್ಲಿದ್ದ ಎಚ್‌ಎಂಟಿ ನೋಡಿದರು, ಮತ್ತೆ ಮೇಲೆ ನೋಡಿದರು. "ಪುಟ್ಟಾ, ಇದು 3 ನಿಮಿಷ ಮುಂದಿದೆ" ಅಂದರು. ಕಾರಣ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯಾರೋ ಸ್ಟೇಷನ್‌ನಲ್ಲಿ ಕೆಲಸ ಮಾಡಿದವರೇ ಹೇಳಿ ಇಡಿಸಿರಬೇಕು, ಓಡಿ ಬಂದು ರೈಲು ತಪ್ಪಿಸಿಕೊಂಡವರ ಮುಖ ನೋಡಿದವರು" ಅಂದರು. ಮರುದಿನ ಬೆಳಿಗ್ಗೆ ನಾವಿನ್ನೂ ಏಳುವ ಮೊದಲೇ ಕೆಳಗಿಳಿದು ಸ್ಟೇಷನ್‌ಗೆ ಹೋಗಿದ್ದರು. ತಿಂಡಿಯ ಹೊತ್ತಿಗೆ ವಾಪಸ್ ಬಂದು, ಯಾವ ಪ್ಲಾಟ್‌ಫಾರಂನಿಂದ ಯಾವ ಊರಿಗೆ ರೈಲು ಹೋಗುತ್ತದೆ ಅಂತ ಅಮ್ಮನಿಗೆ ಒಂದೊಂದಾಗಿ ಹೇಳುತ್ತಾ ಕೂತರು.