ಘಟ್ಟದ ಮೇಲೆ ಮುಳುಗುವ ವಿದ್ಯೆ

ಹಾಸನದವರಿಗೆ ಮುಳುಗುವುದಕ್ಕೆ ಜಾಗ ಕಮ್ಮಿ. ಊರು ಇರುವುದೇ ಸಮುದ್ರಮಟ್ಟದಿಂದ 3,000 ಅಡಿಗೂ ಮೇಲೆ. ಸಮುದ್ರ ನೋಡಬೇಕೆಂದರೆ ಸಕಲೇಶಪುರ ದಾಟಿ, ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿಕೊಂಡು ಇಳಿಯಬೇಕು. ಇಂಥ ಊರಲ್ಲಿ ಕೂತು ಫ್ರೀಡೈವಿಂಗ್ ಕಲಿಯುತ್ತೇನೆ ಅಂದರೆ ಜನ ಮೊದಲು ಕೇಳುವುದು "ಅದೇನದು?" ಅಂತ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳದೆ, ಒಂದೇ ಉಸಿರಿನಲ್ಲಿ ಕೆಳಗೆ ಹೋಗಿ ಅದೇ ಉಸಿರಿನಲ್ಲಿ ಮೇಲೆ ಬರುವುದು ಅಂತ ಬಿಡಿಸಿ ಹೇಳಿದರೆ ಎರಡನೇ ಪ್ರಶ್ನೆ ಬರುತ್ತದೆ. "ಯಾಕೆ, ಸಿಲಿಂಡರ್ ಬಾಡಿಗೆ ಜಾಸ್ತಿನಾ?"

ಜಪಾನಿನ ಅಮಾ ಹೆಂಗಸರು, ಕೊರಿಯಾದ ಜೆಜು ದ್ವೀಪದ ಹೆನ್ಯೋ ಹೆಂಗಸರು ಇವತ್ತಿಗೂ ಹೀಗೇ ಮುಳುಗಿ ಚಿಪ್ಪು ಹೆಕ್ಕುತ್ತಾರೆ. ಹೆನ್ಯೋಗಳಲ್ಲಿ ಎಷ್ಟೋ ಜನ ಎಪ್ಪತ್ತು ದಾಟಿದ ಅಜ್ಜಿಯರು. 1976ರಲ್ಲಿ ಫ್ರಾನ್ಸಿನ ಜಾಕ್ ಮಯೋಲ್ ಹಗ್ಗದಗುಂಟ ಕೆಳಗೆಳೆಯುವ ಭಾರದ ಸ್ಲೆಡ್ ಹಿಡಿದು ಒಂದೇ ಉಸಿರಿನಲ್ಲಿ 100 ಮೀಟರ್ ಆಳಕ್ಕೆ ಹೋಗಿ ಬಂದ. ಇದನ್ನೆಲ್ಲ ಅಮ್ಮನಿಗೆ ಉತ್ಸಾಹದಿಂದ ಹೇಳಿದೆ. ಅಮ್ಮ ಕೇಳಿದ್ದು ಒಂದೇ. "ಅವನ ಮನೇಲಿ ಯಾರೂ ಬೇಡ ಅನ್ನಲಿಲ್ವಾ?"

ಈ ವಿದ್ಯೆಯಲ್ಲಿ ಒಂದು ಅನುಕೂಲ ಇದೆ. ಬಹುಪಾಲು ಒಣನೆಲದ ಮೇಲೆಯೇ ಕಲಿಯಬಹುದು. ಮಂಚದ ಮೇಲೆ ಅಂಗಾತ ಮಲಗಿ, ಮೈ ಸಡಿಲ ಬಿಟ್ಟು, ಸ್ವಲ್ಪ ಹೊತ್ತು ಆರಾಮಾಗಿ ಉಸಿರಾಡಿ, ಕೊನೆಗೊಂದು ತುಂಬು ಉಸಿರು ಎಳೆದು ಹಿಡಿದುಕೊಂಡರೆ ಆಯಿತು. ಮೊದಮೊದಲು ಸುಖವಾಗಿರುತ್ತದೆ. ಆಮೇಲೆ ಉಸಿರಾಡು, ಉಸಿರಾಡು ಅಂತ ಒಳಗಿಂದ ಕಾಟ ಶುರು. ಆಮ್ಲಜನಕ ಮುಗಿಯಿತೇನೋ ಅಂದುಕೊಳ್ಳುತ್ತೇವೆ. ಅದು ಇನ್ನೂ ಬೇಕಾದಷ್ಟು ಇರುತ್ತದೆ. ಕಾಟ ಕೊಡುವುದು ಒಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್. ಅದಕ್ಕೂ ಜಗ್ಗದೆ ಮಲಗಿದ್ದರೆ ಎದೆಗೂ ಹೊಟ್ಟೆಗೂ ನಡುವಿನ ವಪೆ ತಾನಾಗಿಯೇ ಎಳೆಯತೊಡಗುತ್ತದೆ, ಹೊಟ್ಟೆ ಎಗರೆಗರಿ ಬೀಳುತ್ತದೆ. ಕಲಿಯುವವರಿಗೆ ಇದು ಮಾಮೂಲಿ. ಬಾಗಿಲಲ್ಲಿ ನಿಂತು ನೋಡಿದವರಿಗೆ ಬೇರೆಯೇ ಕಾಣುತ್ತದೆ.

ಅಮ್ಮ ಕಾಫಿ ಹಿಡಿದು ಬಾಗಿಲಿಗೆ ಬಂದಳು. ಮಗನ ಕಣ್ಣು ಮುಚ್ಚಿದೆ. ಉಸಿರಿಲ್ಲ. ಹೊಟ್ಟೆ ಮಾತ್ರ ಕುಪ್ಪಳಿಸುತ್ತಿದೆ. "ಅಯ್ಯೋ, ಬಾರೇ ಇಲ್ಲಿ, ಇವನಿಗೇನೋ ಆಯ್ತು!" ಅಂತ ನನ್ನ ಹೆಂಡತಿಯನ್ನು ಕೂಗಿ, ಕೈಗೆ ಸಿಕ್ಕಿದ ತಂಬಿಗೆಯ ನೀರನ್ನು ಪೂರ್ತಿ ನನ್ನ ಮುಖಕ್ಕೆ ಸುರಿದಳು. ಅದೂ ಡಿಸೆಂಬರ್ ಬೆಳಗಿನ ಹಾಸನದ ನೀರು. ಇಲ್ಲಿ ವಿಜ್ಞಾನ ಅಮ್ಮನ ಪರವಾಗಿದೆ. ಉಸಿರು ಹಿಡಿದಾಗ ಮುಖಕ್ಕೆ ತಣ್ಣೀರು ತಾಗಿದರೆ ಎದೆಬಡಿತ ನಿಧಾನವಾಗುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿದು ರಕ್ತ ಹೃದಯ, ಮಿದುಳಿನ ಕಡೆಗೆ ಉಳಿಯುತ್ತದೆ. ಸೀಲ್, ತಿಮಿಂಗಿಲಗಳಿಗೆ ಇರುವ ಈ ಗುಣ ಮನುಷ್ಯನಲ್ಲೂ ಸ್ವಲ್ಪ ಇದೆ. ಫ್ರೀಡೈವರ್‌ಗಳು ಇದಕ್ಕೆಂದೇ ಮುಖವನ್ನು ನೀರಲ್ಲಿ ಅದ್ದಿಕೊಳ್ಳುವುದುಂಟು. ನನ್ನ ಎದೆಬಡಿತ ಮಾತ್ರ ಆವತ್ತು ಯಾವ ನಿಯಮಕ್ಕೂ ಸಿಗಲಿಲ್ಲ. ಹಾಸಿಗೆಯನ್ನು ತಾರಸಿಗೆ ಹೊತ್ತಿದ್ದೂ ನಾನೇ.

ಉಸಿರಿಗಿಂತ ಕಿವಿಯದು ದೊಡ್ಡ ರಗಳೆ. ಘಾಟಿ ಇಳಿಯುವಾಗ ಕಿವಿ ಮುಚ್ಚಿಕೊಳ್ಳುವುದು ನಮ್ಮೂರ ಮಕ್ಕಳಿಗೂ ಗೊತ್ತು. ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತದೆ. ಆದರೆ ಸಕಲೇಶಪುರದಿಂದ ಕರಾವಳಿಯ ತನಕ ಇಳಿದರೂ ಗಾಳಿಯ ಒತ್ತಡ ಹೆಚ್ಚುವುದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ನೀರಿನಲ್ಲಿ ಅಷ್ಟು ಒತ್ತಡ ಒಂದು ಮೀಟರ್ ಇಳಿಯುವಷ್ಟರಲ್ಲಿ ಬಂದುಬಿಡುತ್ತದೆ. ಮಾರನಹಳ್ಳಿ, ಗುಂಡ್ಯ ಅಂತ ಬಸ್ಸು ಓಲಾಡಿಕೊಂಡು ಇಳಿಯುವ ಇಡೀ ಘಾಟಿಯನ್ನು ಫ್ರೀಡೈವರ್ ತಲೆಕೆಳಗಾಗಿ ಹೆಚ್ಚುಕಮ್ಮಿ ಒಂದು ಸೆಕೆಂಡಿನಲ್ಲಿ ಇಳಿಯುತ್ತಾನೆ. 10 ಮೀಟರ್‌ಗೆ ಒತ್ತಡ ಎರಡರಷ್ಟಾಗಿ, ಎದೆಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗಿರುತ್ತದೆ. ಕಿವಿ ಸುಮ್ನೆ ಇರುತ್ತಾ?

ಮೂಗು ಹಿಡಿದು ಎದೆಯಿಂದ ಜೋರಾಗಿ ಊದುವುದು ವಲ್ಸಾಲ್ವಾ ವಿಧಾನ. ತಲೆಕೆಳಗಾದಾಗ ಅದು ಬೇಗ ಕೈಕೊಡುತ್ತದೆ. ಬೇಕಾದ್ದು ಫ್ರೆಂಜೆಲ್. ಗಂಟಲು ಮುಚ್ಚಿಕೊಂಡು, ಬಾಯೊಳಗಿನ ಗಾಳಿಯನ್ನು ನಾಲಿಗೆಯಿಂದಲೇ ಮೇಲಕ್ಕೆ ತಳ್ಳುವುದು. ಇದನ್ನು ಕಲಿಸಲು ಪುಟಗಟ್ಟಲೆ ಚಿತ್ರ ಬರೆದಿದ್ದಾರೆ. ನಮಗೆ ಒಂದನೇ ಕ್ಲಾಸಿನ ಮೇಷ್ಟ್ರು ಆಗಲೇ ಕಲಿಸಿಯಾಗಿದೆ. ತ ಅನ್ನುವಾಗ ನಾಲಿಗೆಯ ತುದಿ ಹಲ್ಲಿನ ಹಿಂದೆ ಕೂರುತ್ತದೆ, ಕ ಅನ್ನುವಾಗ ನಾಲಿಗೆಯ ಬುಡ ಮೇಲೇಳುತ್ತದೆ. ಮೂಗು ಹಿಡಿದು, ಸದ್ದು ಮಾಡದೆ ತ ಕಟ್ಟಿ ಕ ತಳ್ಳಿದರೆ ಕಿವಿ ಬಿಡುತ್ತದೆ.

ಅಭ್ಯಾಸಕ್ಕೆ ಮಂಗಳೂರು ಬಸ್ಸಿಗಿಂತ ಒಳ್ಳೆಯ ಜಾಗ ಇದೆಯೇ? ಮೂಗು ಹಿಡಿದು ಕೂತೆ. ಗಂಟಲ ಮಣಿ ಮೇಲೆ ಕೆಳಗೆ ಆಡತೊಡಗಿತು. ಪಕ್ಕದವರು ಮೊದಲು ಕಿಟಕಿ ತೆಗೆದರು. ಆಮೇಲೆ ಸೀಟು ಬಿಟ್ಟು ಎದ್ದರು. ಕಂಡಕ್ಟರ್ ಅನುಭವಸ್ಥರು. ಒಂದು ಪ್ಲಾಸ್ಟಿಕ್ ಕವರ್ ನನ್ನ ತೊಡೆಯ ಮೇಲಿಟ್ಟು, "ಘಾಟಿ ರೋಡಿಗೆ ಬರೋವಾಗ ನಿಂಬೆಹಣ್ಣು ಇಟ್ಕೊಂಡ್ ಬರ್ಬೇಕು ಸಾರ್" ಅಂದರು. ವಾಂತಿ ಅಲ್ಲ, ಕಿವಿಯ ಒತ್ತಡ ಸರಿ ಮಾಡ್ಕೋತಿದೀನಿ ಅಂದೆ. "ಮೊದ್ಲು ಎಲ್ರೂ ಹಿಂಗೇ ಅಂತಾರೆ" ಅಂತ ಇನ್ನೊಂದು ಕವರ್ ಕೊಟ್ಟರು.

ಇನ್ನು ಸಾಮಾನಿನ ವಿಷಯ. ಮೊದಲು ದುಡ್ಡು ಹಾಕಬೇಕಾದ್ದು ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕಿಗೆ, ಕೊನೆಗೆ ಕಾಲಿಗೆ ಹಾಕುವ ಈಜುರೆಕ್ಕೆ ಫಿನ್ನಿಗೆ. ಜನ ಉಲ್ಟಾ ಮಾಡುತ್ತಾರೆ, ಯಾಕೆಂದರೆ ಫೋಟೋದಲ್ಲಿ ಚೆನ್ನಾಗಿ ಬೀಳುವುದು ಫಿನ್ನು. ಈಜುಕೊಳದ ಕನ್ನಡಕ ಇದಕ್ಕೆ ಬರುವುದಿಲ್ಲ. ಆಳಕ್ಕೆ ಹೋದಂತೆ ಮಾಸ್ಕ್ ಮುಖಕ್ಕೆ ಅಮರುತ್ತದೆ, ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಅದನ್ನು ಸಡಿಲ ಮಾಡಬೇಕು. ಹಾಗಾಗಿ ಮೂಗು ಮಾಸ್ಕಿನ ಒಳಗಿರಬೇಕು. ಆ ಗಾಳಿಯೂ ನಮ್ಮ ಒಂದು ಉಸಿರಿನಿಂದಲೇ ಖರ್ಚಾಗಬೇಕಲ್ಲ, ಅದಕ್ಕೇ ಒಳಗೆ ಜಾಗ ಕಮ್ಮಿ ಇರುವ ಚಿಕ್ಕ ಮಾಸ್ಕ್ ಒಳ್ಳೆಯದು. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದು ಕೈ ಬಿಟ್ಟರೆ ಬೀಳಬಾರದು. ನನ್ನದು ಬಿತ್ತು. ಮೀಸೆ ಅಡ್ಡ ಬಂದಿತ್ತು. ಪೂರ್ತಿ ತೆಗೆಯುವ ಮಾತೇ ಇಲ್ಲ. ಮೂಗಿನ ಕೆಳಗೆ, ಮೀಸೆಯ ಮೇಲಂಚಿನಲ್ಲಿ ಒಂದು ಗೆರೆಯಷ್ಟು ತೆಗಿ ಅಂತ ಸಲೂನಿನವನಿಗೆ ಹೇಳಿದೆ. "ಮೇಲಿಂದ ಯಾರೂ ತೆಗೆಸಲ್ಲ ಸಾರ್" ಅಂದ. ತೆಗೆದ. ಮಾರನೇ ದಿನ ಆಫೀಸಿನಲ್ಲಿ ಎಲ್ಲರೂ ನನ್ನ ಮುಖ ನೋಡಿ "ಹುಷಾರಿಲ್ವಾ?" ಅಂತ ಕೇಳಿದರು. ಏನು ಕಮ್ಮಿಯಾಗಿದೆ ಅಂತ ಯಾರಿಗೂ ತಿಳಿಯಲಿಲ್ಲ.

ಹೊಸ ಮಾಸ್ಕಿನ ಗಾಜಿಗೆ ತಯಾರಿಸುವಾಗಿನ ಸಿಲಿಕೋನ್ ಜಿಡ್ಡು ಅಂಟಿರುತ್ತದೆ, ಬೇಗ ಮಂಜು ಕಟ್ಟುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ತೊಳೆಯಬೇಕು. ಅದಾದ ಮೇಲೂ ಪ್ರತಿ ಸಲ ನೀರಿಗಿಳಿಯುವ ಮುಂಚೆ ಗಾಜಿನ ಒಳಗಡೆ ಉಗಿದು, ಸವರಿ, ಜಾಲಿಸಬೇಕು. ಪುಕ್ಕಟೆ ಮದ್ದು, ಕೆಲಸವೂ ಮಾಡುತ್ತದೆ. ಅಮ್ಮ ನೋಡಿಬಿಟ್ಟಳು. "ಥೂ, ಎಂಜಲು! ಅದನ್ನೇ ಮುಖಕ್ಕೆ ಹಾಕ್ಕೋತೀಯೇನೋ?" ಆವತ್ತಿನಿಂದ ಮಾಸ್ಕಿಗೆ ಮನೆಯೊಳಗೆ ಪ್ರವೇಶ ಇಲ್ಲ. ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆಯೇ ಅದರ ಮನೆ.

ನೀರಲ್ಲಿ ಮೈ ಬೆಚ್ಚಗಿಡುವ ವೆಟ್‌ಸೂಟ್ ಬಂದ ದಿನವನ್ನು ಮನೆಯಲ್ಲಿ ಯಾರೂ ಮರೆಯುವುದಿಲ್ಲ. ಫ್ರೀಡೈವಿಂಗ್ ಸೂಟಿನ ಮೇಲಂಗಿಗೆ ಸಾಮಾನ್ಯವಾಗಿ ಜಿಪ್ ಇರುವುದಿಲ್ಲ, ಟೋಪಿ ಅದಕ್ಕೇ ಸೇರಿಕೊಂಡಿರುತ್ತದೆ. ಒಳಮೈ ಮೆತ್ತಗಿನ ನಿಯೋಪ್ರೀನ್ ರಬ್ಬರು, ಒಣಚರ್ಮಕ್ಕೆ ತಾಗಿದರೆ ಹಿಡಿದುಕೊಂಡು ಬಿಡುತ್ತದೆ. ಸೋಪುನೀರು ಸುರಿದು ಜಾರಿಸಬೇಕು ಅನ್ನುವ ಚೀಟಿ ಡಬ್ಬದ ತಳದಲ್ಲಿತ್ತು. ನಾನು ಆಗಲೇ ಅಂಗಿಯ ಮಧ್ಯದಲ್ಲಿದ್ದೆ. ಎರಡೂ ಕೈ ಮೇಲೆ. ತಲೆ ಎದೆಯ ಭಾಗದಲ್ಲೆಲ್ಲೋ ಸಿಕ್ಕಿಕೊಂಡಿತ್ತು. ಹೊಸ ರಬ್ಬರಿನ ವಾಸನೆ, ಕಗ್ಗತ್ತಲು. "ರೀ, ನಿಮ್ಮ ಬಲಗೈ ಎಲ್ಲಿದೆ?" ಹೆಂಡತಿಯ ದನಿ ದೂರದಿಂದ ಕೇಳಿಸಿತು. "ನಾನೂ ಅದನ್ನೇ ಹುಡುಕ್ತಿದೀನಿ" ಅಂದೆ. ಉಗುರು ತಾಗಿದರೆ ಈ ಬಟ್ಟೆ ಹರಿಯುತ್ತದೆ, ಹಾಗಾಗಿ ಜಗ್ಗುವಂತೆಯೂ ಇಲ್ಲ. ಅದೇ ಹೊತ್ತಿಗೆ ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು ಒಟಿಪಿ ಕೇಳಿದ. ಒಟಿಪಿ ನನ್ನ ಫೋನಿನಲ್ಲಿತ್ತು. ಫೋನು ತೆಗೆಯಲು ನನ್ನ ಹೆಬ್ಬೆರಳು ಬೇಕು. ಹೆಬ್ಬೆರಳು ತೋಳಿನೊಳಗಿತ್ತು. ಕೊನೆಗೆ ಹೆಂಡತಿ ನನ್ನನ್ನು ಬಚ್ಚಲಲ್ಲಿ ನಿಲ್ಲಿಸಿ, ಶಾಂಪೂ ಸ್ಯಾಚೆಟ್‌ಗಳನ್ನೆಲ್ಲ ಬಕೆಟ್ಟಿಗೆ ಕಿತ್ತು ಹಾಕಿ, ಕತ್ತಿನ ತೂತಿನಿಂದ ಸುರಿದಳು. ನೊರೆಯ ಜೊತೆ ಮೊದಲು ಹೊರಬಂದಿದ್ದು ಹೆಬ್ಬೆರಳು. ಅದನ್ನು ಹಾಗೇ ಫೋನಿಗೆ ಒತ್ತಿಸಿಕೊಂಡು ಹೋದಳು. ಒದ್ದೆ ಬೆರಳಿಗೆ ಫೋನು ತೆರೆಯಲಿಲ್ಲ. ಇಷ್ಟೆಲ್ಲ ಆದ ಮೇಲೆ ತಿಳಿದದ್ದು, ನಮ್ಮ ಕರಾವಳಿಯ ನೀರು ಬೆಚ್ಚಗೇ ಇರುತ್ತದೆ, ಅಲ್ಲಿ ತೆಳ್ಳನೆಯ ಮೈಯಂಗಿಯೇ ಸಾಕು. ದಪ್ಪ ಸೂಟು ನಿಜವಾಗಿ ಬೇಕಾಗುವುದು ಹಾಸನದ ಈಜುಕೊಳಕ್ಕೆ, ಚಳಿಗಾಲದ ಬೆಳಗ್ಗೆ.

ಫಿನ್ನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಸಬರಿಗೆ ಪ್ಲಾಸ್ಟಿಕ್ಕಿನ ಅಲಗು ಸಾಕು. ಕಾರ್ಬನ್ ಹಗುರ, ಚೆನ್ನಾಗಿ ಚಿಮ್ಮುತ್ತದೆ, ಆದರೆ ಕಲ್ಲಿಗೆ ಬಡಿದರೆ ಸೀಳುತ್ತದೆ, ಬೆಲೆ ಕೇಳಿದರೆ ನಾವೂ ಸೀಳುತ್ತೇವೆ. ಅಲಗಿಗಿಂತ ಮುಖ್ಯ ಪಾದ ಕೂರುವ ರಬ್ಬರಿನ ಗೂಡು. ಬಿಗಿಯಾದರೆ ಕಾಲು ಮರಗಟ್ಟುತ್ತದೆ. ನನ್ನ ಉದ್ದನೆಯ ಕಪ್ಪು ಫಿನ್ನನ್ನು ಅಂಗಳದಲ್ಲಿ ಒಣಗಲು ಇಟ್ಟಿದ್ದೆ. ಪಕ್ಕದ ಮನೆಯ ಅಜ್ಜಿ ನಿಂತು ನೋಡಿ, "ಅಡಿಕೆ ಹಾಳೆಗೆ ಯಾಕಪ್ಪ ಬಣ್ಣ ಹೊಡೆಸಿದೀಯ?" ಅಂದರು. ಸೀಸದ ತೂಕ ಪೋಣಿಸಿದ ಸೊಂಟದ ಪಟ್ಟಿಯೂ ಇದೆ. ಪಟ್ಟಿ ರಬ್ಬರಿನದ್ದಾಗಿರಬೇಕು, ಸೊಂಟದ ಮೂಳೆಯ ಮೇಲೆ ಕೂರಬೇಕು. ಕೆಳಗೆ ಹೋದಂತೆ ಮೈ ಕುಗ್ಗುತ್ತದೆ, ರಬ್ಬರೂ ಜೊತೆಗೆ ಕುಗ್ಗಿ ಜಾರದೆ ನಿಲ್ಲುತ್ತದೆ.

ಎಲ್ಲ ಸಾಮಾನಿಗಿಂತ ಮೊದಲು ಬೇಕಾದ್ದು ಜೊತೆಗಾರ. ಒಬ್ಬ ಕೆಳಗಿದ್ದಾಗ ಇನ್ನೊಬ್ಬ ಮೇಲಿದ್ದು ಕಣ್ಣಿಟ್ಟಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ, ಕೊಳದಲ್ಲೂ ಇಲ್ಲ. ನನಗೆ ಸಿಕ್ಕಿದ್ದು ಭಾಮೈದ. ಅವನು ಒಂದು ಸಾಮಾನೂ ಕೊಳ್ಳಲಿಲ್ಲ. ಅವನ ಮೊದಲ ಸಲಹೆ: "ಭಾವ, ಗೊರೂರು ಡ್ಯಾಮ್ ಇರೋವಾಗ ಸಮುದ್ರ ಯಾಕೆ? ಶೆಟ್ಟಿಹಳ್ಳಿ ಚರ್ಚಿನೊಳಗೇ ಹೋಗಿ ಬರಬಹುದು." ಹೇಮಾವತಿ ಹಿನ್ನೀರಲ್ಲಿ ಮುಳುಗಿ ನಿಂತ ಆ ಚರ್ಚು ದಡದಿಂದ ನೋಡಲು ಚೆಂದ. ನೀರೊಳಗೆ ಕೆಸರು, ಮರದ ಬೊಡ್ಡೆ, ಮೀನಿನ ಬಲೆ, ಕಣ್ಣಿಗೆ ಏನೂ ಕಾಣದು. ಅವನ ಎರಡನೇ ಸಲಹೆ ಇನ್ನೂ ಭಯಂಕರ. ಮುಳುಗುವ ಮುಂಚೆ ಬುಸುಬುಸು ಅಂತ ಉಸಿರಾಡಿದರೆ ಜಾಸ್ತಿ ಹೊತ್ತು ಇರಬಹುದಂತೆ. ಹಾಗೆ ಮಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಎಚ್ಚರಿಸುವ ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಉಸಿರು ಬೇಕು ಅಂತ ಅನಿಸುವ ಮೊದಲೇ ಪ್ರಜ್ಞೆ ಹೋಗುತ್ತದೆ. ಅದು ಹೋಗುವುದೂ ಹೆಚ್ಚಾಗಿ ಮೇಲೆ ಬರುವಾಗ, ಇನ್ನೇನು ತಲುಪಿದೆವು ಅನ್ನುವಲ್ಲಿ. ಆಗ ಜೊತೆಗಾರ ಮುಖವನ್ನು ನೀರಿನಿಂದ ಎತ್ತಿ ಹಿಡಿದು, ಮಾಸ್ಕ್ ತೆಗೆದು, ಮುಖಕ್ಕೆ ಊದಿ, ಕೆನ್ನೆ ತಟ್ಟಿ, ಹೆಸರು ಹಿಡಿದು ಕರೆದು ಉಸಿರಾಡು ಅನ್ನಬೇಕು. ಭಾಮೈದ ಈ ಪಾಠವನ್ನು ಶ್ರದ್ಧೆಯಿಂದ ಕಲಿತ. ಭಾನುವಾರ ಬಾಡೂಟ ಮುಗಿಸಿ ನಾನು ಕಣ್ಣು ಮುಚ್ಚಿದರೆ ಸಾಕು, ಮುಖಕ್ಕೆ ಊದಿ ಕೆನ್ನೆ ತಟ್ಟುತ್ತಿದ್ದ. "ಭಾವ, ಉಸಿರಾಡಿ!" ಮಸಾಲೆಯ ಗಾಳಿ ಬೇರೆ.

ಮಳೆಗಾಲ ಮುಗಿದ ಮೇಲೆ ಒಬ್ಬ ತರಬೇತುದಾರರನ್ನು ಗೊತ್ತು ಮಾಡಿಕೊಂಡು ಮುರುಡೇಶ್ವರಕ್ಕೆ ಹೊರಟೆವು. ಅಲ್ಲಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪ. ದೋಣಿ ಹತ್ತುವಾಗ ನಾನು ಸೀನಿದೆ. ತರಬೇತುದಾರರು ನನ್ನ ಮೂಗು ನೋಡಿದರು. ನೆಗಡಿ ಇದ್ದವರು ಮುಳುಗುವಂತಿಲ್ಲ, ಕಿವಿಗೆ ಹೋಗುವ ದಾರಿಯೇ ಊದಿಕೊಂಡಿರುತ್ತದೆ. ಮಾತ್ರೆ ನುಂಗುತ್ತೇನೆ ಅಂದೆ. ಅದೂ ಆಗದು, ಆಳದಲ್ಲಿದ್ದಾಗ ಮಾತ್ರೆಯ ಪ್ರಭಾವ ಇಳಿದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ ಅಂದರು. ತ ಕಟ್ಟಿ ಕ ತಳ್ಳಿ ತೋರಿಸಿದೆ. ಕಿವಿ ಬಿಡಲಿಲ್ಲ, ಮೂಗಿನಿಂದ ಬೇರೇನೋ ಬಂತು.

ಭಾಮೈದನಿಗೆ ಮೀಸೆ ಇಲ್ಲ. ನನ್ನ ಮಾಸ್ಕ್ ಅವನ ಮುಖಕ್ಕೆ ಒಂದೇ ಸಲಕ್ಕೆ ಅಂಟಿ ಕೂತಿತು. ನನ್ನ ಫಿನ್ನು, ನನ್ನ ಸ್ನಾರ್ಕೆಲ್ ಕೊಳವೆ, ನನ್ನ ತೂಕದ ಪಟ್ಟಿ, ಎಲ್ಲ ಹಾಕಿಕೊಂಡ. ನಾನು ಶಾಲು ಹೊದ್ದು ದೋಣಿಯ ಅಂಚಿನಲ್ಲಿ ಕೂತೆ. ತರಬೇತುದಾರರ ಜೊತೆ ಹಗ್ಗ ಹಿಡಿದು ಇಳಿದ. ಹಗ್ಗದ ಮೊದಲ ಗುರುತು ಮುಟ್ಟಿ ಆರಾಮಾಗಿ ಮೇಲೆ ಬಂದು, ಹೇಳಿಕೊಟ್ಟಂತೆ ಉಸಿರಾಡಿ, ಕೈಬೆರಳಲ್ಲಿ ಓಕೆ ತೋರಿಸಿದ. ಆಮೇಲೆ ಮಾಸ್ಕ್ ಹಣೆಗೇರಿಸಿಕೊಂಡು ನನ್ನ ಕಡೆ ತಿರುಗಿದ.

"ಭಾವ, ನಿಮ್ಮ ಫಿನ್ನು ಸ್ವಲ್ಪ ಬಿಗಿ. ಮುಂದಿನ ಸಲ ತಗೊಳ್ಳೋವಾಗ ಒಂದು ಸೈಜ್ ದೊಡ್ಡದು ನೋಡಿ."