ಪಶ್ಚಿಮ ದಂಡೆಯ ಆಡಳಿತವನ್ನು ‘ಅಪಾರ್ಥೈಡ್’ ಎನ್ನಬಹುದೇ? ಪರ – ವಿರೋಧ

ಪರ: ಒಂದೇ ಗುಡ್ಡ, ಎರಡು ಕಾನೂನು

1967ರ ಯುದ್ಧದಲ್ಲಿ ಇಸ್ರೇಲ್ ವಶಪಡಿಸಿಕೊಂಡ ಪ್ಯಾಲೆಸ್ಟೀನಿ ನೆಲ ಪಶ್ಚಿಮ ದಂಡೆ. ಅಲ್ಲಿ ಇಸ್ರೇಲ್ ನಡೆಸುವ ಆಡಳಿತಕ್ಕೆ ದಕ್ಷಿಣ ಆಫ್ರಿಕಾದ ‘ಅಪಾರ್ಥೈಡ್’ ಎಂಬ ಹೆಸರು ಒಪ್ಪುತ್ತದೆಯೇ ಎಂಬುದು ಪ್ರಶ್ನೆ. ಕನ್ನಡ ಪತ್ರಿಕೆಗಳು ಈ ಪದವನ್ನು ‘ವರ್ಣಭೇದ ನೀತಿ’ ಎಂದೇ ಬರೆದುಕೊಂಡು ಬಂದಿವೆ. ಅರ್ಧ ತಕರಾರು ಹುಟ್ಟುವುದೇ ಅಲ್ಲಿ. ವರ್ಣ ಎಂದ ಕೂಡಲೇ ಓದುಗ ಮೈಬಣ್ಣ ನೋಡಲು ಹೊರಡುತ್ತಾನೆ. ಯೆಮೆನ್‌ನಿಂದ ಬಂದ ಯಹೂದಿಗೂ ನಾಬ್ಲಸ್‌ನ ಪ್ಯಾಲೆಸ್ಟೀನಿಗೂ ಬಣ್ಣದಲ್ಲಿ ಏನು ವ್ಯತ್ಯಾಸ, ಇದೆಂಥ ವರ್ಣಭೇದ ಎಂದು ಕೇಳುತ್ತಾನೆ. ಆಫ್ರಿಕಾನ್ಸ್ ಭಾಷೆಯ ಮೂಲ ಪದದಲ್ಲಿ ಬಣ್ಣದ ಮಾತೇ ಇಲ್ಲ. ಅದರ ಅರ್ಥ ‘ಬೇರೆತನ’. 1965ರ ಜನಾಂಗೀಯ ತಾರತಮ್ಯ ವಿರೋಧಿ ಒಡಂಬಡಿಕೆಯೂ ಬಣ್ಣದ ಜೊತೆಗೆ ವಂಶ, ರಾಷ್ಟ್ರೀಯ ಮೂಲ, ಜನಾಂಗೀಯ ಮೂಲ ಎಲ್ಲವನ್ನೂ ಸೇರಿಸಿಯೇ ತಾರತಮ್ಯವನ್ನು ವಿವರಿಸುತ್ತದೆ. ಭಾರತ ಅದನ್ನು 1968ರಲ್ಲೇ ಒಪ್ಪಿದೆ. ಒಂದು ಗುಂಪು ಇನ್ನೊಂದರ ಮೇಲೆ ವ್ಯವಸ್ಥಿತವಾಗಿ ದಬ್ಬಾಳಿಕೆ ನಡೆಸುವ ಆಡಳಿತ, ಅದನ್ನು ಹಾಗೇ ಉಳಿಸಿಕೊಳ್ಳುವ ಉದ್ದೇಶ – ಅಪಾರ್ಥೈಡ್ ಎನ್ನಲು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮೂಲ ಕಾನೂನಾದ 1998ರ ರೋಮ್ ಶಾಸನ ಕೇಳುವುದು ಇವನ್ನು. ಹಾಗಾಗಿ ಮುಖ ಬಿಟ್ಟು ಕಾಗದಪತ್ರ ನೋಡೋಣ.

ದಕ್ಷಿಣ ಆಫ್ರಿಕಾದ ‘ಬಿಳಿಯರಿಗೆ ಮಾತ್ರ’ ಎಂಬ ಫಲಕಗಳು ಫೋಟೋಗೆ ಚೆನ್ನ. ದಿನದ ಕೆಲಸ ಮಾಡುತ್ತಿದ್ದುದು ಪಾಸ್ ಪುಸ್ತಕ. 1952ರ ಕಾಯ್ದೆ ಬಂದ ಮೇಲೆ 16 ದಾಟಿದ ಕರಿಯರೆಲ್ಲ ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ತಿರುಗಬೇಕಿತ್ತು. ಜನ ಅದನ್ನು ‘ದೊಂಪಾಸ್’, ಅಂದರೆ ದಡ್ಡ ಪಾಸು ಎಂದು ಬೈಯುತ್ತಿದ್ದರು. ಅದರೊಳಗೆ ಫೋಟೋ, ತೆರಿಗೆ ಕಟ್ಟಿದ ಗುರುತು, ನಗರದಲ್ಲಿರಲು ಪರವಾನಗಿ, ಮಾಲೀಕನ ಹೆಸರು. ಮಾಲೀಕ ತಿಂಗಳು ತಿಂಗಳು ಸಹಿ ಹಾಕಬೇಕು. ಪರವಾನಗಿ ಇಲ್ಲದವರು ನಗರದಲ್ಲಿ 72 ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ಉಳಿಯುವ ಹಕ್ಕು ಬೇಕೆಂದರೆ ಅದೇ ಊರಲ್ಲಿ ಹುಟ್ಟಿ ಬಿಡದೆ ಅಲ್ಲೇ ಬಾಳಿರಬೇಕು, ಇಲ್ಲವೇ ಒಬ್ಬನೇ ಮಾಲೀಕನ ಬಳಿ 10 ವರ್ಷ ದುಡಿದಿರಬೇಕು, ಅದೂ ಇಲ್ಲದಿದ್ದರೆ 15 ವರ್ಷ ಕಾನೂನುಬದ್ಧವಾಗಿ ಅಲ್ಲಿದ್ದಿರಬೇಕು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ 69 ಜನ ಪೊಲೀಸರ ಗುಂಡಿಗೆ ಬಲಿಯಾದದ್ದು ಈ ಪುಸ್ತಕ ಬೇಡ ಎಂದು ಪ್ರತಿಭಟಿಸುವಾಗ.

ಈಗ ಪಶ್ಚಿಮ ದಂಡೆಗೆ ಬನ್ನಿ. ಪ್ಯಾಲೆಸ್ಟೀನಿಯ ಗುರುತಿನ ಚೀಟಿಗೆ ಹಸಿರು ಕವರು. ಅದನ್ನು ಕೊಡುವುದು ರಾಮಲ್ಲಾದ ಪ್ಯಾಲೆಸ್ಟೀನಿ ಪ್ರಾಧಿಕಾರ, ಆದರೆ ಜನಸಂಖ್ಯಾ ನೋಂದಣಿಯ ಕೀಲಿ ಇಸ್ರೇಲ್ ಕೈಯಲ್ಲಿದೆ. ಜೆರುಸಲೇಮ್‌ನವರಿಗೂ ಇಸ್ರೇಲಿ ಪ್ರಜೆಗಳಿಗೂ ನೀಲಿ ಚೀಟಿ. ಇಸ್ರೇಲಿ ಕಾರಿಗೆ ಹಳದಿ ನಂಬರ್ ಪ್ಲೇಟ್, ಪ್ಯಾಲೆಸ್ಟೀನಿ ಕಾರಿಗೆ ಬಿಳಿ ಪ್ಲೇಟಿನ ಮೇಲೆ ಹಸಿರು ಅಂಕಿ. ಸೈನಿಕನಿಗೆ 50 ಮೀಟರ್ ದೂರದಿಂದಲೇ ಯಾರು ಯಾರೆಂದು ತಿಳಿಯುತ್ತದೆ. ಜೆರುಸಲೇಮ್‌ನ ಈಶಾನ್ಯಕ್ಕೆ 2019ರ ಜನವರಿಯಲ್ಲಿ ತೆರೆದ 4370ನೇ ರಸ್ತೆಯ ನಟ್ಟನಡುವೆ 8 ಮೀಟರ್ ಎತ್ತರದ ಗೋಡೆಯಿದೆ. ಒಂದು ಪಕ್ಕ ಹಳದಿ ಪ್ಲೇಟು, ಇನ್ನೊಂದು ಪಕ್ಕ ಬಿಳಿ.

ಇಸ್ರೇಲ್‌ನಲ್ಲಿ ಕೂಲಿಗೆ ಹೋಗಬೇಕಾದವನಿಗೆ ಹಸಿರು ಚೀಟಿಯ ಜೊತೆಗೆ ಬೆರಳಚ್ಚಿರುವ ಮ್ಯಾಗ್ನೆಟಿಕ್ ಕಾರ್ಡು ಬೇಕು, ಅದರ ಮೇಲೆ ಪರವಾನಗಿ ಬೇಕು. ಪರವಾನಗಿಯಲ್ಲಿ ಯಾವ ದಿನಾಂಕದವರೆಗೆ, ದಿನಕ್ಕೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದು ಬರೆದಿರುತ್ತದೆ. ವಯಸ್ಸಿನ ಮಿತಿ, ಮದುವೆಯಾಗಿರಬೇಕೆಂಬ ಷರತ್ತು ಆಗಾಗ ಬದಲಾಗುತ್ತಿರುತ್ತವೆ. ಮಾಲೀಕನ ಹೆಸರಿಗೆ ಅಂಟಿಕೊಂಡ ಪರವಾನಗಿಯಾದ್ದರಿಂದ ದಲ್ಲಾಳಿಗಳು ಹುಟ್ಟಿಕೊಂಡರು. ತಿಂಗಳಿಗೆ ಸುಮಾರು 2,000 ಶೆಕೆಲ್ ಅವರ ಜೇಬಿಗೆ. ನಿರಾಕರಿಸಿದರೆ ‘ಭದ್ರತಾ ಕಾರಣ’ ಎಂಬ ಎರಡೇ ಪದ, ಏನು ಕಾರಣ ಎಂದು ಯಾರೂ ಹೇಳುವುದಿಲ್ಲ. 2023ರ ಅಕ್ಟೋಬರ್ ನಂತರ ಈ ಪರವಾನಗಿಗಳನ್ನು ಬಹುತೇಕ ನಿಲ್ಲಿಸಿದರು, ಕಟ್ಟಡದ ಕೆಲಸಕ್ಕೆ ಹರಿಯಾಣ, ಉತ್ತರ ಪ್ರದೇಶದಿಂದ ಗಾರೆಯವರನ್ನು ಕರೆಸಿಕೊಂಡರು. ದೊಂಪಾಸ್‌ನಲ್ಲಿ ಮಾಲೀಕನ ತಿಂಗಳ ಸಹಿ ಇತ್ತು ಎಂಬುದನ್ನು ಇಲ್ಲಿ ಮತ್ತೊಮ್ಮೆ ನೆನೆಯಬೇಕು.

ಆಲಿವ್ ತೋಟಗಳದ್ದು ಇನ್ನೂ ಸೂಕ್ಷ್ಮ. 2002ರಲ್ಲಿ ಶುರುವಾದ ತಡೆಗೋಡೆಯ ಯೋಜಿತ ಉದ್ದ 700 ಕಿಲೋಮೀಟರ್‌ಗೂ ಹೆಚ್ಚು. ಅದರ ಜಾಡಿನ ಸುಮಾರು ಶೇ 85 ಭಾಗ 1949ರ ಕದನವಿರಾಮ ಗೆರೆಯಾದ ‘ಹಸಿರು ಗೆರೆ’ಯ ಮೇಲಿಲ್ಲ, ಪಶ್ಚಿಮ ದಂಡೆಯ ಒಳಗಿದೆ. ಗೋಡೆಗೂ ಗೆರೆಗೂ ನಡುವೆ ಸಿಕ್ಕಿಕೊಂಡ ಜಮೀನಿಗೆ ಅದರ ಒಡೆಯನೇ ಪರವಾನಗಿ ತೆಗೆದುಕೊಂಡು ಹೋಗಬೇಕು. ಗೇಟುಗಳಲ್ಲಿ ಕೆಲವು ದಿನವೂ ತೆರೆಯುತ್ತವೆ, ಬಹಳಷ್ಟು ಅಕ್ಟೋಬರ್–ನವೆಂಬರ್ ಕೊಯ್ಲಿನಲ್ಲಿ ಮಾತ್ರ. ಆಲಿವ್ ಕೊಯ್ಲಿನ ಹೊತ್ತಿಗೆ ಮಾತ್ರ ಹೋಗಿ ಬರುವ ಬೆಳೆಯಲ್ಲ. ಚಳಿಗಾಲ ಕಳೆದ ಮೇಲೆ ರೆಂಬೆ ಸವರಬೇಕು, ವಸಂತದಲ್ಲಿ ಉತ್ತು ಕಳೆ ತೆಗೆಯಬೇಕು. ಉಳುಮೆ ತಪ್ಪಿದರೆ ಬುಡದಲ್ಲಿ ಒಣಹುಲ್ಲು ನಿಲ್ಲುತ್ತದೆ, ಬೇಸಿಗೆಯಲ್ಲಿ ಒಂದು ಕಿಡಿ ಸಾಕು ತೋಟ ಹೋಗಲು. ಸವರದ ಮರ ಎಲೆ ಹಾಕುತ್ತದೆ, ಕಾಯಿ ಕಡಿಮೆ ಮಾಡುತ್ತದೆ. ಗೇಟಿನ ಆಚೆಯ ಮರಕ್ಕೂ ಈಚೆಯ ಮರಕ್ಕೂ ಇಳುವರಿಯಲ್ಲಿ ವ್ಯತ್ಯಾಸ ಬರುವುದು ಹೀಗೆ.

ಅಷ್ಟಕ್ಕೇ ಮುಗಿಯಲಿಲ್ಲ. ಸೇನೆಯ 2017ರ ನಿಯಮಾವಳಿ 330 ಚದರ ಮೀಟರಿಗಿಂತ ಚಿಕ್ಕ ತುಂಡಿಗೆ ‘ಕೃಷಿಯ ಅಗತ್ಯವಿಲ್ಲ’ ಎಂದಿತು. ನಮ್ಮ ಲೆಕ್ಕದಲ್ಲಿ ಮೂರು ಗುಂಟೆ ಚಿಲ್ಲರೆ. ಅಜ್ಜನ ಹೆಸರಲ್ಲೇ ಉಳಿದ ಎರಡು ಸಾವಿರ ಚದರ ಮೀಟರ್ ತೋಟ, ಎಂಟು ಜನ ವಾರಸುದಾರರು ಎಂದುಕೊಳ್ಳಿ. ಭಾಗಿಸಿದರೆ ಒಬ್ಬೊಬ್ಬರಿಗೆ 250. ತೋಟ ಒಂದೇ ಬೇಲಿಯೊಳಗೆ ಇದೆ, ಯಾರೂ ಪಾಲು ಮಾಡಿಕೊಂಡಿಲ್ಲ. ಆದರೆ ಕಚೇರಿಯ ಲೆಕ್ಕದಲ್ಲಿ ಎಂಟು ಜನರಲ್ಲಿ ಯಾರೂ ರೈತರಲ್ಲ. ಪಹಣಿ, ಪಾಲು, ಪೌತಿ ಖಾತೆಗಾಗಿ ತಾಲ್ಲೂಕು ಕಚೇರಿ ಅಲೆದವರಿಗೆ ಈ ಲೆಕ್ಕದ ಕುತಂತ್ರ ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಕಾನೂನು. ಒಂದೇ ರಸ್ತೆಯಲ್ಲಿ ಕಲ್ಲೆಸೆದ ಇಬ್ಬರು ಹುಡುಗರು. ವಸಾಹತಿನ, ಅಂದರೆ ಪಶ್ಚಿಮ ದಂಡೆಯಲ್ಲಿ ಇಸ್ರೇಲಿಗರು ಕಟ್ಟಿಕೊಂಡ ಊರಿನ ಹುಡುಗನಿಗೆ ಇಸ್ರೇಲಿ ನಾಗರಿಕ ಕಾನೂನು, ನಾಗರಿಕ ನ್ಯಾಯಾಲಯ. ಪ್ಯಾಲೆಸ್ಟೀನಿ ಹುಡುಗನಿಗೆ 1651ನೇ ಸೇನಾ ಆದೇಶ, ಓಫರ್ ಅಥವಾ ಸಾಲೆಮ್‌ನ ಸೇನಾ ನ್ಯಾಯಾಲಯ. ವಯಸ್ಕರಾದರೆ ಒಬ್ಬನನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಇನ್ನೊಬ್ಬನನ್ನು 96 ಗಂಟೆವರೆಗೆ ಇಟ್ಟುಕೊಳ್ಳಬಹುದು. 1967ರ 101ನೇ ಸೇನಾ ಆದೇಶದ ಪ್ರಕಾರ ರಾಜಕೀಯ ವಿಷಯಕ್ಕೆ ಹತ್ತು ಜನ ಸೇರಲೂ ಸೇನೆಯ ಅನುಮತಿ ಬೇಕು. ಪಕ್ಕದ ಗುಡ್ಡದ ವಸಾಹತಿನಲ್ಲಿ ಚುನಾವಣಾ ಪ್ರಚಾರ ಆರಾಮಾಗಿ ನಡೆಯುತ್ತದೆ.

ಇದು ಪೌರತ್ವದ ವ್ಯತ್ಯಾಸ, ಜನಾಂಗದ್ದಲ್ಲ ಎಂಬ ಸಮಜಾಯಿಷಿಯೊಂದಿದೆ. ವಸಾಹತಿನವರಿಗೆ ಇಸ್ರೇಲಿ ಕಾನೂನು ಹೊದಿಸುವ ತುರ್ತು ನಿಯಮಗಳನ್ನು 1984ರಲ್ಲಿ ತಿದ್ದಿದರು. ಕೆಲವು ಕಾಯ್ದೆಗಳ ಮಟ್ಟಿಗೆ, ಪೌರತ್ವ ಪಡೆಯದಿದ್ದರೂ ‘ಮರಳುವಿಕೆ ಕಾನೂನಿನ’ ಪ್ರಕಾರ ಇಸ್ರೇಲ್‌ಗೆ ವಲಸೆ ಬರಲು ಅರ್ಹನಾದವನನ್ನೂ, ಅಂದರೆ ಯಹೂದಿಯನ್ನೂ ಅವನ ಹತ್ತಿರದ ಬಂಧುಗಳನ್ನೂ, ಅದರೊಳಗೆ ಸೇರಿಸಿದರು. ಮಣಿಪುರ, ಮಿಜೋರಾಂನಿಂದ ಹೋದ, ತಾವು ಯಹೂದಿ ವಂಶದವರೆಂದು ನಂಬುವ ಬ್ನೇ ಮೆನಾಶೆ ಸಮುದಾಯದವರು ಕಿರ್ಯತ್ ಅರ್ಬಾ ವಸಾಹತಿನಲ್ಲಿ ನೆಲೆಸಿದ್ದಾರೆ. ಅವರಿಗೆ ಸಿಗುವ ಕಾನೂನು ಬೇಲಿಯಾಚೆ ಹೆಬ್ರಾನ್‌ನಲ್ಲಿ ಏಳು ತಲೆಮಾರು ಬಾಳಿದವನಿಗೆ ಸಿಗುವುದಿಲ್ಲ.

ಇಸ್ರೇಲ್‌ನಲ್ಲಿ ಅರಬರಿಗೂ ಸ್ಥಾನವಿದೆ ಎನ್ನಲು ಎದುರಾಳಿಗಳು ಅಲ್ಲಿನ ಅರಬ್ ನ್ಯಾಯಾಧೀಶರೊಬ್ಬರ ಫೋಟೋ ತಂದು ಮುಂದಿಡುತ್ತಾರೆ. ಇಡಲಿ. ಪ್ರಶ್ನೆ ಇರುವುದು ಪಶ್ಚಿಮ ದಂಡೆಯದ್ದು, ಹೈಫಾದ ಕೋರ್ಟಿನದ್ದಲ್ಲ.

ಈ ಎರಡು ಕಾನೂನಿನ ವ್ಯವಸ್ಥೆ ಎಷ್ಟು ಕೃತಕ ಎಂಬುದಕ್ಕೆ 2022ರ ಜೂನ್ ನೋಡಿ. 1967ರಲ್ಲಿ ತಾತ್ಕಾಲಿಕವೆಂದು ತಂದ ಆ ತುರ್ತು ನಿಯಮಗಳನ್ನು ಸಂಸತ್ತು ಐದೈದು ವರ್ಷಕ್ಕೆ ನವೀಕರಿಸುತ್ತ ಬಂದಿತ್ತು. ಆ ಸಲ ಸರ್ಕಾರ ಉರುಳಿಸಲೆಂದು ವಸಾಹತುಪರ ವಿರೋಧ ಪಕ್ಷದವರೇ ಮಸೂದೆಗೆ ವಿರುದ್ಧ ಮತ ಹಾಕಿದರು. ಗಡುವಿಗೆ ಮುಂಚೆ ಸಂಸತ್ತೇ ವಿಸರ್ಜನೆಯಾಯಿತು, ವಿಸರ್ಜನೆಯಾದರೆ ನಿಯಮಗಳು ತಾವಾಗಿ ಮುಂದುವರಿಯುತ್ತವೆ ಎಂಬ ದಾರಿಯಲ್ಲಿ ಅವು ಉಳಿದವು. 2023ರ ಜನವರಿಯಲ್ಲಿ ಹೊಸ ಸರ್ಕಾರ ಬಂದೊಡನೆ ಮತ್ತೆ ಐದು ವರ್ಷಕ್ಕೆ ಮುದ್ರೆ ಒತ್ತಿತು.

ವಿರೋಧ: ಇದಕ್ಕೆ ಬೇರೆ ಕಾನೂನು ಇದೆ

ಪಶ್ಚಿಮ ದಂಡೆಯಲ್ಲಿ ಎಲ್ಲ ಸರಿಯಿದೆ ಎಂದು ವಾದಿಸುವ ಕೆಲಸ ನನ್ನದಲ್ಲ, ಆ ವಾದ ನಿಲ್ಲುವುದೂ ಇಲ್ಲ. ಇಲ್ಲಿನ ಪ್ರಶ್ನೆ ಒಂದು ಪದದ್ದು.

ಯುದ್ಧದಲ್ಲಿ ವಶವಾದ ನೆಲಕ್ಕೆ ಅದರದೇ ಕಾನೂನಿದೆ: 1907ರ ಹೇಗ್ ನಿಯಮಗಳು, 1949ರ ನಾಲ್ಕನೇ ಜಿನೀವಾ ಒಡಂಬಡಿಕೆ. ಆಕ್ರಮಿತ ಪ್ರದೇಶದ ಜನರಿಗೆ ಗೆದ್ದ ದೇಶ ತನ್ನ ನಾಗರಿಕ ಕಾನೂನು ಹೇರಬಾರದು, ಹಳೆಯ ಕಾನೂನನ್ನು ಸಾಧ್ಯವಾದಷ್ಟು ಉಳಿಸಿ ಸೇನಾಡಳಿತ ನಡೆಸಬೇಕು ಎಂದೇ ಅವು ಹೇಳುತ್ತವೆ. ಸೇನಾ ನ್ಯಾಯಾಲಯಕ್ಕೂ ಜಿನೀವಾ ಒಡಂಬಡಿಕೆಯ 66ನೇ ಕಲಮು ಅವಕಾಶ ಕೊಡುತ್ತದೆ. ನಾಳೆಯೇ ನಾಬ್ಲಸ್‌ಗೆ ಇಸ್ರೇಲಿ ದಂಡಸಂಹಿತೆ ವಿಸ್ತರಿಸಿದರೆ ಅದನ್ನು ಸಮಾನತೆ ಎಂದು ಯಾರೂ ಹೊಗಳುವುದಿಲ್ಲ, ಸ್ವಾಧೀನ ಎನ್ನುತ್ತಾರೆ. ಹಾಗಿರುವಾಗ ಸೇನಾ ಕಾನೂನಿದೆ ಎಂಬುದನ್ನೇ ಅಪಾರ್ಥೈಡ್‌ಗೆ ಸಾಕ್ಷಿ ಮಾಡಲಾಗದು. ತಪ್ಪಿರುವುದು ವಸಾಹತುಗಳಲ್ಲಿ. ತನ್ನ ನಾಗರಿಕರನ್ನು ಆಕ್ರಮಿತ ನೆಲಕ್ಕೆ ತಂದು ಕೂರಿಸುವುದನ್ನು ಅದೇ ಒಡಂಬಡಿಕೆಯ 49ನೇ ಕಲಮು ನಿಷೇಧಿಸಿದೆ. ಆ ಅಪರಾಧಕ್ಕೆ ಹೆಸರಿದೆ, ಕಲಮಿದೆ. ಇನ್ನೊಂದು ಹೆಸರು ಎರವಲು ತರುವುದೇಕೆ?

ಐವತ್ತು ವರ್ಷ ದಾಟಿದ ಆಕ್ರಮಣವನ್ನು ತಾತ್ಕಾಲಿಕ ಎನ್ನಬಹುದೇ ಎಂದು ಕೇಳಬಹುದು. ಅದು ಆಕ್ರಮಣ ಕಾನೂನುಬದ್ಧವೇ ಎಂಬ ಬೇರೆ ಪ್ರಶ್ನೆ, ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ದಕ್ಷಿಣ ಆಫ್ರಿಕಾದ ಜೊತೆ ಹೋಲಿಸಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಅಲ್ಲಿನ ಸರ್ಕಾರ ತನ್ನದೇ ಪ್ರಜೆಗಳನ್ನು ಹೊರಗಿನವರನ್ನಾಗಿ ಮಾಡಿತು. 1970ರ ಕಾಯ್ದೆ ಪ್ರತಿಯೊಬ್ಬ ಕರಿಯನನ್ನೂ ಯಾವುದೋ ಒಂದು ‘ತಾಯ್ನೆಲ’ದ ಪ್ರಜೆ ಎಂದು ಗುರುತಿಸಿತು; 1976ರಲ್ಲಿ ಟ್ರಾನ್ಸ್‌ಕೈ, 1977ರಲ್ಲಿ ಬೋಫುತಾಟ್ಸ್‌ವಾನಾ, ಆಮೇಲೆ ವೆಂಡಾ, ಸಿಸ್ಕೈ ‘ಸ್ವತಂತ್ರ’ವಾದವು. ಅವಕ್ಕೆ ಸೇರಿದವರೆಂದು ಬರೆಸಿಕೊಂಡ ಲಕ್ಷಾಂತರ ಜನ ಜೋಹಾನ್ಸ್‌ಬರ್ಗ್‌ನಲ್ಲಿ ನಿಂತಲ್ಲೇ ಪರದೇಶಿಗಳಾದರು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಕೇಳಿದ್ದು ಒಂದೇ ದೇಶ, ಒಬ್ಬರಿಗೆ ಒಂದು ಮತ. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ 1988ರಲ್ಲಿ ಘೋಷಿಸಿದ್ದು ಪ್ರತ್ಯೇಕ ರಾಷ್ಟ್ರ. ಅದೇ ವರ್ಷ ಭಾರತ ಮಾನ್ಯತೆ ಕೊಟ್ಟದ್ದೂ ಅದಕ್ಕೇ. ಬೇರೆ ದೇಶ ಬೇಕು ಎನ್ನುವ ಬೇಡಿಕೆಯನ್ನು ‘ಬೇರೆತನ’ದ ವಿರುದ್ಧದ ಹೋರಾಟವೆಂದು ಹೆಸರಿಸಿದರೆ ಬೇಡಿಕೆಯೇ ಮಸುಕಾಗುತ್ತದೆ.

ಇಸ್ರೇಲ್‌ನ ಜನಸಂಖ್ಯೆಯಲ್ಲಿ ಐದರಲ್ಲಿ ಒಂದು ಪಾಲು ಅರಬರು. ಅವರು ಮತ ಹಾಕುತ್ತಾರೆ. 2021ರಲ್ಲಿ ಅರಬರ ‘ರಾಅಮ್’ ಪಕ್ಷ ಆಡಳಿತ ಮೈತ್ರಿಕೂಟದಲ್ಲೇ ಇತ್ತು. ಅಧ್ಯಕ್ಷರಾಗಿದ್ದ ಮೋಶೆ ಕತ್ಸಾವ್‌ಗೆ ಶಿಕ್ಷೆ ವಿಧಿಸಿದ ಪೀಠದ ಮುಖ್ಯಸ್ಥ ಅರಬ್ ನ್ಯಾಯಾಧೀಶ ಜಾರ್ಜ್ ಕರ್ರಾ. ಪ್ರಿಟೋರಿಯಾದಲ್ಲಿ 1960ರಲ್ಲಿ ಇದನ್ನು ಊಹಿಸಿಕೊಳ್ಳಿ. ಪ್ರಶ್ನೆ ಪಶ್ಚಿಮ ದಂಡೆಯದ್ದು ಮಾತ್ರ ಎಂದು ಗೆರೆ ಎಳೆಯುವುದು ಅನುಕೂಲದ ಗೆರೆ. ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ 2022ರಲ್ಲಿ ಈ ಪದ ಬಳಸಿದ್ದು ಇಸ್ರೇಲ್‌ನ ಒಳಗೂ ಹೊರಗೂ ಸೇರಿಸಿ. ಇಸ್ರೇಲ್ ಯಹೂದಿಗಳ ರಾಷ್ಟ್ರ ಎಂದು ಸಾರಿದ 2018ರ ‘ರಾಷ್ಟ್ರ-ರಾಜ್ಯ’ ಕಾನೂನು, ಯಾರು ಬಂದು ನೆಲೆಸಬಹುದೆಂದು ತೀರ್ಮಾನಿಸುವ ಯಹೂದಿ ವಸತಿಗಳ ಪ್ರವೇಶ ಸಮಿತಿಗಳು ತಾರತಮ್ಯ ಎಂಬುದು ನಿಜ. ತಾರತಮ್ಯವೆಲ್ಲ ಅಪಾರ್ಥೈಡ್ ಆದರೆ ಪದಕ್ಕೆ ಮೊನೆ ಉಳಿಯದು.

ಗೋಡೆಯದ್ದೂ ಅಷ್ಟೇ. ಕಾಂಕ್ರೀಟ್ ಕಂಡ ಕೂಡಲೇ ಅಪಾರ್ಥೈಡ್ ಎನ್ನುವವರಿಗೆ 2002ರ ಮಾರ್ಚ್ ಮರೆತಿರುತ್ತದೆ. ಇಸ್ರೇಲ್‌ನ ನೆತಾನ್ಯ ಪಟ್ಟಣದ ಹೋಟೆಲೊಂದರಲ್ಲಿ ಹಬ್ಬದೂಟಕ್ಕೆ ಕೂತಿದ್ದ 30 ಜನ ಆತ್ಮಾಹುತಿ ಬಾಂಬಿಗೆ ಸತ್ತ ತಿಂಗಳು ಅದು. ಗೋಡೆಯ ಕೆಲಸ ಶುರುವಾದದ್ದು ಅದೇ ವರ್ಷ. ಜಾಡು ತಪ್ಪು ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2004ರಲ್ಲಿ ಹೇಳಿದೆ, ಒಪ್ಪೋಣ. ಆದರೆ ಕಟ್ಟಿದವರ ಉದ್ದೇಶದ ಬಗ್ಗೆ ಅದೊಂದೇ ತೀರ್ಪು ಕೊಡುವುದಿಲ್ಲ. ರೋಮ್ ಶಾಸನ ಕೇಳುವುದು ಉದ್ದೇಶವನ್ನೇ.

ಅದೇ ನ್ಯಾಯಾಲಯ 2024ರ ಜುಲೈ 19ರ ಸಲಹಾ ಅಭಿಪ್ರಾಯದಲ್ಲಿ ಏನು ಮಾಡಿತು ನೋಡಿ. ವಸಾಹತುಗಾರರು, ಪ್ಯಾಲೆಸ್ಟೀನಿಯರ ನಡುವೆ ಹೆಚ್ಚೂಕಮ್ಮಿ ಪೂರ್ಣ ಬೇರ್ಪಡಿಕೆ ಇದೆ, 1965ರ ಒಡಂಬಡಿಕೆಯ 3ನೇ ಕಲಮಿನ ಉಲ್ಲಂಘನೆಯಾಗಿದೆ ಎಂದಿತು. ಆ ಕಲಮಿನಲ್ಲಿ ‘ಜನಾಂಗೀಯ ಪ್ರತ್ಯೇಕತೆ’, ‘ಅಪಾರ್ಥೈಡ್’ ಎಂಬ ಎರಡು ಪದಗಳಿವೆ. ಉಲ್ಲಂಘನೆ ಯಾವುದರದ್ದು ಎಂದು ನ್ಯಾಯಾಲಯ ಬಿಡಿಸಿ ಹೇಳಲಿಲ್ಲ. ದಕ್ಷಿಣ ಆಫ್ರಿಕಾದ ನ್ಯಾಯಾಧೀಶ ಟ್ಲಾಡಿ ತಮ್ಮ ಪ್ರತ್ಯೇಕ ಟಿಪ್ಪಣಿಯಲ್ಲಿ ಅಪಾರ್ಥೈಡ್ ಎಂದೇ ಓದಿದರು, ಜರ್ಮನಿಯ ನೋಲ್ಟೆ ಅಷ್ಟು ದೂರ ಹೋಗಲಿಲ್ಲ. ಹೇಗ್‌ನ ನ್ಯಾಯಾಧೀಶರೇ ಒಮ್ಮತಕ್ಕೆ ಬಾರದ ಪದವನ್ನು ತಲೆಬರಹದಲ್ಲಿ ಸಲೀಸಾಗಿ ಹಾಕುತ್ತಿದ್ದೇವೆ.

ಪರಿಹಾರದ ಕಡೆಯಿಂದ ನೋಡಿದರೂ ಅಷ್ಟೇ. ದಕ್ಷಿಣ ಆಫ್ರಿಕಾದಲ್ಲಿ 1991ರ ಜೂನ್‌ನಲ್ಲಿ ಜನರನ್ನು ಜನಾಂಗವಾರು ವಿಂಗಡಿಸುವ ಜನಸಂಖ್ಯಾ ನೋಂದಣಿ ಕಾಯ್ದೆ ರದ್ದಾಯಿತು, 1994ರ ಏಪ್ರಿಲ್‌ನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು. ಇಲ್ಲಿ 1651ನೇ ಆದೇಶ ರದ್ದಾದ ಮರುದಿನ ಗಡಿ ಎಲ್ಲಿ, ಜೆರುಸಲೇಮ್ ಯಾರದ್ದು, ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಐವತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಎಲ್ಲಿಗೆ ಎಂಬ ಮೂರೂ ಪ್ರಶ್ನೆಗಳು ಇದ್ದಲ್ಲೇ ಇರುತ್ತವೆ. ಇಸ್ರೇಲ್, ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಗಳ ನಡುವಿನ 1995ರ ಎರಡನೇ ಓಸ್ಲೋ ಒಪ್ಪಂದ ಪಶ್ಚಿಮ ದಂಡೆಯನ್ನು ಎ, ಬಿ, ಸಿ ವಲಯಗಳೆಂದು ಹಂಚಿದಾಗ ಈ ಮೂರನ್ನೂ 1999ರ ಮೇ ಒಳಗೆ ಇತ್ಯರ್ಥ ಮಾಡುವುದೆಂದಿತ್ತು. ‘ಸಿ’ ವಲಯ, ಅಂದರೆ ಒಟ್ಟು ನೆಲದ ಸುಮಾರು ಶೇ 60 ಭಾಗ, ಇವತ್ತಿಗೂ ಇಸ್ರೇಲಿ ಸೇನೆಯ ಕೈಯಲ್ಲಿದೆ.